ತೂಕ ಜಾಸ್ತಿ ಇರೋ ಮಕ್ಕಳಲ್ಲಿ ಫ್ಯಾಟಿ ಲಿವರ್: ಬ್ಲಡ್ ರಿಪೋರ್ಟ್ ಓದೋದು ಹೇಗೆ

ಮಗುವಿನ ಬ್ಲಡ್ ರಿಪೋರ್ಟ್ ಕೈಗೆ ಬಂದ ತಕ್ಷಣ ಹೆಚ್ಚಿನವರು ಮಾಡೋದು ಒಂದೇ, ಎಲ್ಲಾದ್ರೂ ದಪ್ಪ ಅಕ್ಷರದಲ್ಲಿ ಬಂದಿದ್ಯಾ, ಪಕ್ಕದಲ್ಲಿ ಸ್ಟಾರ್ ಹಾಕಿದಾರಾ ಅಂತ ಮೇಲಿಂದ ಕೆಳಗೆ ಕಣ್ಣಾಡ್ಸೋದು, ಇಲ್ಲ ಅಂದ್ರೆ ಸದ್ಯ ಎಲ್ಲಾ ನಾರ್ಮಲ್ ಅಂತ ಎತ್ತಿಟ್ಬಿಡೋದು. ತೂಕ ಜಾಸ್ತಿ ಇರೋ ಮಕ್ಕಳ ಫ್ಯಾಟಿ ಲಿವರ್, ಅಂದ್ರೆ ಲಿವರ್‌ನಲ್ಲಿ ಕೊಬ್ಬು ಕೂರೋ ವಿಷ್ಯದಲ್ಲಿ ಈ ಅಭ್ಯಾಸಾನೇ ಮೋಸ ಮಾಡೋದು. ಎಎಲ್‌ಟಿ ಅನ್ನೋ ಲಿವರ್ ಟೆಸ್ಟ್ 45 ಅಂತ ಬಂದಿರತ್ತೆ, ಲ್ಯಾಬ್‌ನವರು ಪಕ್ಕದಲ್ಲಿ 50ರ ತನಕ ನಾರ್ಮಲ್ ಅಂತ ಪ್ರಿಂಟ್ ಮಾಡಿರ್ತಾರೆ, ಆದ್ರೆ ಹತ್ತು ವರ್ಷದ ಹುಡುಗಿಗೆ ಅದು ನಾರ್ಮಲ್ ಅಲ್ಲವೇ ಅಲ್ಲ, ಇರಬೇಕಾದ್ದಕ್ಕಿಂತ ಡಬಲ್ ಇದೆ ಅಂತ ಅರ್ಥ. ಈ ಒಂದು ವಿಷ್ಯ ತಲೇಲಿ ಕೂತ್ರೆ ನಾನು ಇಷ್ಟುದ್ದ ಬರೆದಿದ್ದೂ ಸಾರ್ಥಕ.

ಎಎಲ್‌ಟಿ ಅಂದ್ರೆ ಹಳೇ ರಿಪೋರ್ಟ್‌ಗಳಲ್ಲಿ ಎಸ್‌ಜಿಪಿಟಿ ಅಂತ ಬರ್ತಿತ್ತಲ್ಲ, ಅದೇ. ಲಿವರ್‌ನ ಜೀವಕೋಶದ ಒಳಗಿರೋ ಎನ್‌ಜೈಮ್ ಇದು, ಜೀವಕೋಶಕ್ಕೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರತ್ತೆ. ಹಾಗಾಗಿ ಅದು ಅಳೆಯೋದು ಕೊಬ್ಬನ್ನಲ್ಲ, ಪೆಟ್ಟನ್ನ. ಮಕ್ಕಳಿಗೆ ಇದರ ಮಿತಿ ಹುಡುಗರಿಗೆ ಸುಮಾರು 26, ಹುಡುಗಿಯರಿಗೆ 22. ಇದು ನನ್ನ ಲೆಕ್ಕ ಅಲ್ಲ, 2010ರಲ್ಲಿ ಅಮೆರಿಕದ ಸಂಶೋಧಕರು ತೂಕ ಸರಿ ಇರೋ, ಲಿವರ್ ಕಾಯಿಲೆ ಇಲ್ಲದ ಮಕ್ಕಳ ರಕ್ತವನ್ನ ಮಾತ್ರ ಆರಿಸಿ ನೋಡಿದಾಗ ಸಿಕ್ಕಿದ್ದು, ಅದೇ ಹೊತ್ತಲ್ಲಿ ಅಲ್ಲಿನ ಮಕ್ಕಳ ಆಸ್ಪತ್ರೆಗಳು ಬಳಸ್ತಾ ಇದ್ದ ಮಿತಿ ಒಂದು ಕಡೆ 30 ಇದ್ರೆ ಇನ್ನೊಂದು ಕಡೆ 90 ಇತ್ತು. ಅಂದ್ರೆ ಅದೇ ಮಗು ಒಂದು ಆಸ್ಪತ್ರೇಲಿ ಪೇಷೆಂಟ್, ಪಕ್ಕದ ಆಸ್ಪತ್ರೇಲಿ ಆರೋಗ್ಯವಂತ. ಲ್ಯಾಬ್‌ಗಳು ಬಂದ ಜನರ ರಕ್ತ ನೋಡಿ ರೇಂಜ್ ಮಾಡ್ತಾವೆ, ಆ ಜನರಲ್ಲೇ ಗೊತ್ತಿಲ್ಲದೆ ಫ್ಯಾಟಿ ಲಿವರ್ ಇರೋರು ಸೇರಿಕೊಂಡಿದ್ರೆ ಮಿತಿ ತಾನಾಗೇ ಮೇಲಕ್ಕೆ ಹೋಗತ್ತೆ.

ಯಾವ ಮಕ್ಕಳಿಗೆ ಮಾಡಿಸ್ಬೇಕು ಅಂದ್ರೆ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ತನ್ನ ವಯಸ್ಸಿನವರ ಚಾರ್ಟ್‌ನಲ್ಲಿ 95ನೇ ಪರ್ಸೆಂಟೈಲ್, ಅಂದ್ರೆ ನೂರರಲ್ಲಿ 95 ಮಕ್ಕಳಿಗಿಂತ ಮೇಲೆ, ಅಥವಾ ಅದಕ್ಕಿಂತ ಮೇಲಿದ್ರೆ 9ರಿಂದ 11 ವರ್ಷದ ನಡುವೆ ಒಂದ್ಸಲ ಎಎಲ್‌ಟಿ ನೋಡಿಸಿ ಅಂತ 2017ರ ಉತ್ತರ ಅಮೆರಿಕದ ಮಕ್ಕಳ ಲಿವರ್ ತಜ್ಞರ ಗೈಡ್‌ಲೈನ್ ಹೇಳತ್ತೆ. 85ರಿಂದ 95ರ ಮಧ್ಯೆ ಇರೋ ಮಗುವಿಗೂ ಹೊಟ್ಟೆ ಸುತ್ತ ಬೊಜ್ಜು, ಸಕ್ಕರೆ ಅಥವಾ ಕೊಲೆಸ್ಟ್ರಾಲ್ ಏರುಪೇರು, ನಿದ್ದೇಲಿ ಉಸಿರು ಕಟ್ಟೋದು, ಮನೇಲಿ ಯಾರಿಗಾದ್ರೂ ಫ್ಯಾಟಿ ಲಿವರ್, ಇಂಥದ್ದೇನಾದ್ರೂ ಇದ್ರೆ ಮಾಡಿಸ್ಬೇಕು. ಕುತ್ತಿಗೆ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪ ಆಗಿದ್ಯಾ ನೋಡಿ. ಎಷ್ಟೋ ಜನ ಅದನ್ನ ಕೊಳೆ ಅಂತ ಮಗು ಅಳೋ ಹಾಗೆ ತಿಕ್ತಾರೆ, ದಯವಿಟ್ಟು ತಿಕ್ಬೇಡಿ, ಅದು ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಗುರುತು. ಬೊಜ್ಜಿರೋ ಮಕ್ಕಳಲ್ಲಿ ಹೆಚ್ಚುಕಮ್ಮಿ ಮೂರಕ್ಕೆ ಒಬ್ಬರಿಗೆ ಫ್ಯಾಟಿ ಲಿವರ್ ಇರತ್ತೆ, ಹೊಟ್ಟೆನೋವು ಸುಸ್ತು ಏನೂ ಇಲ್ಲದೇನೇ, ಆದ್ದರಿಂದ ಮಗು ಆಟ ಆಡ್ಕೊಂಡಿದೆ ಅಂತ ಕಾಯೋದ್ರಲ್ಲಿ ಅರ್ಥ ಇಲ್ಲ.

ರಕ್ತ ಕೊಡೋಕೆ ಹೋಗೋ ಮುಂಚೆ ಸ್ವಲ್ಪ ತಯಾರಿ ಬೇಕು. ಎಎಲ್‌ಟಿಗೆ ಉಪವಾಸ ಬೇಡ, ಆದ್ರೆ ಸಕ್ಕರೆ, ಇನ್ಸುಲಿನ್, ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು ಎಲ್ಲಾ ಒಂದೇ ಸಲ ಮಾಡಿಸೋದ್ರಿಂದ ರಾತ್ರಿ ಊಟ ಆದ್ಮೇಲೆ 8ರಿಂದ 12 ಗಂಟೆ ಏನೂ ತಿನ್ನಿಸದೆ ಬೆಳಿಗ್ಗೆ ಹೋಗೋದು ಒಳ್ಳೇದು, ನೀರು ಕುಡೀಬಹುದು, ಕುಡಿದ್ರೆ ನರಾನೂ ಬೇಗ ಸಿಗತ್ತೆ. ಮಗುಗೆ ಡಯಾಬಿಟಿಸ್ ಔಷಧಿ ನಡೀತಿದ್ರೆ ಉಪವಾಸದ ಬಗ್ಗೆ ಮೊದ್ಲು ಡಾಕ್ಟರ್‌ನ ಕೇಳಿ. ಹಿಂದಿನ ದಿನಗಳಲ್ಲಿ ಸ್ಪೋರ್ಟ್ಸ್ ಡೇ, ಓಟದ ಪ್ರಾಕ್ಟೀಸ್ ಅಂತ ಮೈಕೈ ನೋವಾಗೋ ಹಾಗೆ ದಣಿದಿದ್ರೆ ಒಂದು ವಾರ ಬಿಟ್ಟು ಹೋಗಿ, ಯಾಕಂದ್ರೆ ಸ್ನಾಯುವಿನಿಂದಲೂ ಈ ಎನ್‌ಜೈಮ್‌ಗಳು ಬರ್ತಾವೆ. ಈಗಷ್ಟೇ ವೈರಲ್ ಜ್ವರ ಬಂದು ಹೋಗಿದ್ರೂ ನಂಬರ್ ಏರಿರಬಹುದು. ಯಾವ್ಯಾವ ಔಷಧಿ ಕೊಡ್ತಿದೀರಿ ಅಂತ ಬರೆದಿಟ್ಕೊಳ್ಳಿ, ಸ್ಟೀರಾಯ್ಡ್, ಫಿಟ್ಸ್‌ಗೆ ಕೊಡೋ ವಾಲ್‌ಪ್ರೊಯೇಟ್, ಜೊತೆಗೆ ಬೇರು-ಎಲೆಯ ಕಷಾಯ ಪುಡಿ ಏನಿದ್ರೂ ಮುಚ್ಚಿಡದೆ ಹೇಳಿ.

ಈಗ ರಿಪೋರ್ಟ್ ಬಂತು ಅಂದ್ಕೊಳ್ಳಿ. ಮೊದ್ಲು ಎಎಲ್‌ಟಿ ನೋಡಿ, ಲ್ಯಾಬ್‌ನವರ ರೇಂಜ್ ಮರೆತು 26 ಮತ್ತು 22ಕ್ಕೆ ಹೋಲಿಸಿ. ಮಿತಿ ಒಳಗಿದ್ದು ತೂಕ ಹಾಗೇ ಇದ್ರೆ 2–3 ವರ್ಷಕ್ಕೊಮ್ಮೆ ಮತ್ತೆ ನೋಡಿಸ್ಬೇಕು, ತೂಕ ಇನ್ನೂ ಏರ್ತಿದ್ರೆ ಅದಕ್ಕಿಂತ ಬೇಗ. ಮಿತಿಗಿಂತ ಸ್ವಲ್ಪ ಮೇಲಿದ್ರೆ ಗಾಬರಿ ಬೇಡ, ಮತ್ತೆ ಮಾಡಿಸಿ. ಹುಡುಗನಿಗೆ 52, ಹುಡುಗಿಗೆ 44ರ ಮೇಲಿದ್ದು ಅದು ಮೂರು ತಿಂಗಳಾದ್ರೂ ಇಳೀದೇ ಇದ್ರೆ ಆಗ ಫ್ಯಾಟಿ ಲಿವರ್ರಾ ಬೇರೆ ಏನಾದ್ರೂನಾ ಅಂತ ಪೂರ್ತಿ ತಪಾಸಣೆ ಆಗ್ಲೇಬೇಕು. 80 ದಾಟಿದ್ರೆ ಮೂರು ತಿಂಗಳು ಅಂತೆಲ್ಲಾ ಕಾಯ್ಬೇಡಿ, ಮಕ್ಕಳ ಲಿವರ್ ಡಾಕ್ಟರ್ ಹತ್ರ ಹೋಗಿ.

ಎಎಸ್‌ಟಿ, ಅಂದ್ರೆ ಎಸ್‌ಜಿಒಟಿ, ಪಕ್ಕದಲ್ಲೇ ಇರತ್ತೆ. ಇದು ಸ್ನಾಯುವಿನಲ್ಲಿ, ಕೆಂಪು ರಕ್ತಕಣದಲ್ಲೂ ಇರೋದ್ರಿಂದ ಅಷ್ಟು ನಂಬಿಕಸ್ತ ಅಲ್ಲ, ರಕ್ತ ತೆಗೆಯೋವಾಗ ಕಣಗಳು ಒಡೆದ್ರೂ ಜಾಸ್ತಿ ತೋರಿಸತ್ತೆ. ಫ್ಯಾಟಿ ಲಿವರ್ ಇರೋ ಮಕ್ಕಳಲ್ಲಿ ಸಾಮಾನ್ಯವಾಗಿ ಎಎಲ್‌ಟಿನೇ ಎಎಸ್‌ಟಿಗಿಂತ ಮೇಲಿರತ್ತೆ. ತಿರುಗುಮುರುಗು ಆಗಿ ಎಎಸ್‌ಟಿ ತುಂಬಾ ಮೇಲಿದ್ರೆ ಸಿಕೆ ಅನ್ನೋ ಸ್ನಾಯುವಿನ ಟೆಸ್ಟ್ ಒಂದು ಮಾಡಿಸಿ ಅಂತ ಕೇಳಿ. ಸ್ನಾಯು ಕಾಯಿಲೆ ಇರೋ ಹುಡುಗರಿಗೂ ಈ ಎರಡೂ ಏರತ್ತೆ, ಅದನ್ನ ಲಿವರ್ ತೊಂದ್ರೆ ಅಂತಾನೇ ವರ್ಷಗಟ್ಟಲೆ ನೋಡ್ತಾ ಕೂರೋ ಹಾಗೆ ಆಗ್ಬಾರ್ದು.

ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಎನ್‌ಜೈಮ್‌ನ ನಂಬರ್ ನೋಡಿ ತುಂಬಾ ಅಪ್ಪಅಮ್ಮಂದಿರು ಹೆದರ್ತಾರೆ, 300 ಚಿಲ್ಲರೆ ಬಂದಿರತ್ತೆ, ದೊಡ್ಡವರ ರೇಂಜ್ ಪ್ರಕಾರ ಕೆಂಪು ಗುರುತು ಬೇರೆ. ಬೆಳೆಯೋ ಮಕ್ಕಳ ಮೂಳೆಯಿಂದ ಅದು ಬರತ್ತೆ, ಸಹಜ. ಅದು ಲಿವರ್‌ನಿಂದನಾ ಮೂಳೆಯಿಂದನಾ ಅಂತ ಅನುಮಾನ ಇದ್ರೆ ಜಿಜಿಟಿ ಅನ್ನೋ ಇನ್ನೊಂದು ಎನ್‌ಜೈಮ್ ನೋಡಿ, ಅದು ಮೂಳೆಯಿಂದ ಬರಲ್ಲ. ಎಎಲ್‌ಟಿ ಜೊತೆ ಜಿಜಿಟಿನೂ ಏರಿದ್ರೆ ಲಿವರ್‌ಗೆ ಆಗಿರೋ ಹಾನಿ ಸ್ವಲ್ಪ ಹೆಚ್ಚೇ ಇರೋ ಸಾಧ್ಯತೆ ಇರತ್ತೆ, ಡಾಕ್ಟರ್‌ಗೆ ಅದನ್ನ ಬೆರಳಿಟ್ಟು ತೋರಿಸಿ.

ಇನ್ನು ಲಿವರ್‌ಗೆ ನೇರ ಸಂಬಂಧ ಇಲ್ಲದ ಹಾಗೆ ಕಾಣೋ ನಂಬರ್‌ಗಳು. ನನ್ನ ಪ್ರಕಾರ ಇವು ಎಎಲ್‌ಟಿಯಷ್ಟೇ ಮುಖ್ಯ, ಯಾಕಂದ್ರೆ ಲಿವರ್‌ನಲ್ಲಿ ಕೊಬ್ಬು ಕೂರೋದು ಇದೇ ದಾರೀಲಿ. ಇನ್ಸುಲಿನ್ ಮಾತು ಮೈ ಕೇಳ್ದೇ ಇದ್ದಾಗ ಕೊಬ್ಬಿನ ಕೋಶಗಳಿಂದ ಕೊಬ್ಬು ಕರಗಿ ಲಿವರ್‌ಗೆ ಹರಿದು ಬರತ್ತೆ, ಮೇಲಿಂದ ಸಿಹಿ ಡ್ರಿಂಕ್ಸ್‌ನ ಫ್ರಕ್ಟೋಸ್‌ನ ಲಿವರ್ರೇ ಕೊಬ್ಬಾಗಿ ಮಾಡತ್ತೆ, ಅದರಲ್ಲಿ ಒಂದಷ್ಟು ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಬರತ್ತೆ. ಹತ್ತು ವರ್ಷ ದಾಟಿದ ಮಕ್ಕಳಿಗೆ ಉಪವಾಸದ ಟ್ರೈಗ್ಲಿಸರೈಡ್ 90ರ ಒಳಗಿದ್ರೆ ಚೆನ್ನ, 130ರಿಂದ ಮೇಲೆ ಜಾಸ್ತಿ, ಇಲ್ಲೂ ದೊಡ್ಡವರ 150 ಲೆಕ್ಕ ಹಿಡೀಬೇಡಿ. ಒಳ್ಳೇ ಕೊಲೆಸ್ಟ್ರಾಲ್ ಅನ್ನೋ ಎಚ್‌ಡಿಎಲ್ 40ಕ್ಕಿಂತ ಕಮ್ಮಿ ಇದ್ರೆ ಅದೂ ಕೆಟ್ಟ ಗುರುತೇ. ಕಳೆದ ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸೋ ಎಚ್‌ಬಿಎ1ಸಿ 5.7ರಿಂದ 6.4 ಅಂದ್ರೆ ಪ್ರೀಡಯಾಬಿಟಿಸ್, ಡಯಾಬಿಟಿಸ್‌ಗೆ ಮುಂಚಿನ ಹಂತ. ಮೈ ಇನ್ಸುಲಿನ್ ಮಾತು ಎಷ್ಟು ಕೇಳ್ತಿಲ್ಲ ಅಂತ ಅಂದಾಜು ಮಾಡೋಕೆ ಹೋಮಾ ಐಆರ್ ಅಂತ ಒಂದು ಲೆಕ್ಕ ಇದೆ, ಉಪವಾಸದ ಸಕ್ಕರೆಯನ್ನ ಉಪವಾಸದ ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸೋದು, ಸಕ್ಕರೆ 92 ಇನ್ಸುಲಿನ್ 22 ಇದ್ರೆ ಸುಮಾರು 5 ಬರತ್ತೆ. ಪ್ರಾಯಕ್ಕೆ ಬರೋ ವಯಸ್ಸಲ್ಲಿ ಎಲ್ಲಾ ಮಕ್ಕಳಿಗೂ ಇದು ಸ್ವಲ್ಪ ಏರೋದ್ರಿಂದ ಇದೊಂದನ್ನೇ ಹಿಡ್ಕೊಂಡು ತೀರ್ಮಾನ ಮಾಡೋಕಾಗಲ್ಲ. ಯೂರಿಕ್ ಆಸಿಡ್ ಕೂಡ ಈ ಮಕ್ಕಳಲ್ಲಿ ಹೆಚ್ಚಿರತ್ತೆ, ಇದ್ರೆ ನೋಡಿ, ಇಲ್ಲಾಂದ್ರೆ ಅದಕ್ಕಂತಾನೇ ಚುಚ್ಚಿಸ್ಬೇಡಿ.

ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಂದಾಜು ಮಾಡೋ ಫಿಬ್-4 ಕ್ಯಾಲ್ಕುಲೇಟರ್ ಆನ್‌ಲೈನ್‌ನಲ್ಲಿ ಸಿಗತ್ತೆ, ಮಗುವಿನ ನಂಬರ್ ಹಾಕಿ ನೋಡ್ಬೇಡಿ. ಅದರಲ್ಲಿ ವಯಸ್ಸನ್ನ ಗುಣಿಸ್ತಾರೆ, ಹತ್ತು ವರ್ಷದ ಮಗುಗೆ ಏನೇ ಹಾಕಿದ್ರೂ ಕಮ್ಮಿನೇ ಬರತ್ತೆ, ಸುಮ್ನೆ ಸುಳ್ಳು ಸಮಾಧಾನ. ಸೈಟೋಕೆರಾಟಿನ್-18 ಅಂತ ಒಂದು ಮಾರ್ಕರ್ ಇದೆ, ಸಾಯ್ತಿರೋ ಲಿವರ್ ಕೋಶಗಳಿಂದ ಬರೋ ಚೂರು ಅದು, ಸಂಶೋಧನೆಯಲ್ಲಿ ಬಳಸ್ತಾರೆ, ದಿನನಿತ್ಯದ ತಪಾಸಣೆಗೆ ಇನ್ನೂ ಬಂದಿಲ್ಲ. ಇಎಲ್‌ಎಫ್ ಅಂತ ಮೂರು ಮಾರ್ಕರ್ ಸೇರಿದ ಟೆಸ್ಟ್‌ನ ಬ್ರಿಟನ್‌ನ ನೈಸ್ ಸಂಸ್ಥೆ 2016ರಲ್ಲಿ ಮಕ್ಕಳಿಗೂ ಹೇಳಿತ್ತು, ಆದ್ರೆ ಅದು ಫ್ಯಾಟಿ ಲಿವರ್ ಇದೆ ಅಂತ ಗೊತ್ತಾದ್ಮೇಲೆ ಗಾಯ ಎಷ್ಟು ಗಟ್ಟಿಯಾಗಿದೆ ಅಂತ ನೋಡೋಕೆ, ಹುಡುಕೋಕಲ್ಲ. ಅದಕ್ಕಿಂತ ಮೊದ್ಲು ರಕ್ತಕಣ ಎಣಿಸೋ ಸಾಮಾನ್ಯ ಸಿಬಿಸಿ ಟೆಸ್ಟ್‌ನ ಪ್ಲೇಟ್‌ಲೆಟ್ ನೋಡಿ, ಎಎಲ್‌ಟಿ ಜಾಸ್ತಿ ಇದ್ದು ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಕೆಳಗೆ ಬಂದಿದ್ರೆ ಲಿವರ್ ಗಟ್ಟಿಯಾಗಿ ಗುಲ್ಮ (ಸ್ಪ್ಲೀನ್) ಊದಿಕೊಂಡಿರಬಹುದು, ತಡ ಮಾಡ್ಬಾರ್ದು.

ಎಎಲ್‌ಟಿ ಜಾಸ್ತಿ ಇದೆ, ಮಗು ದಪ್ಪ ಇದೆ, ಹಾಗಾಗಿ ಫ್ಯಾಟಿ ಲಿವರ್ರೇ ಅಂತ ಮುಗಿಸ್ಬಿಡೋ ತಪ್ಪು ತುಂಬಾ ಕಡೆ ಆಗತ್ತೆ. ದಪ್ಪ ಇರೋ ಮಗುಗೂ ಬೇರೆ ಲಿವರ್ ಕಾಯಿಲೆ ಬರಬಹುದಲ್ವಾ. ಹೆಪಟೈಟಿಸ್ ಬಿ ಮತ್ತು ಸಿ, ವಿಲ್ಸನ್ ಕಾಯಿಲೆಗೆ ಸೆರುಲೋಪ್ಲಾಸ್ಮಿನ್, ಆಟೋಇಮ್ಯೂನ್ ಹೆಪಟೈಟಿಸ್‌ಗೆ ಐಜಿಜಿ ಮತ್ತು ಆಂಟಿಬಾಡಿ, ಗೋಧಿಯ ಅಲರ್ಜಿ ಅಂತ ಜನ ಕರೆಯೋ ಸೀಲಿಯಾಕ್‌ಗೆ ಟಿಟಿಜಿ, ಥೈರಾಯ್ಡ್‌ಗೆ ಟಿಎಸ್‌ಎಚ್, ಆಲ್ಫಾ-1 ಆಂಟಿಟ್ರಿಪ್ಸಿನ್, ಇಷ್ಟನ್ನಾದ್ರೂ ಡಾಕ್ಟರ್ ಯೋಚಿಸಿದಾರಾ ಅಂತ ಕೇಳಿ. ವಿಲ್ಸನ್ ಕಾಯಿಲೇಲಿ ತಾಮ್ರ ಲಿವರ್‌ನಲ್ಲಿ ತುಂಬ್ಕೊಳ್ಳತ್ತೆ, ನೋಡೋಕೆ ಥೇಟ್ ಫ್ಯಾಟಿ ಲಿವರ್ ಥರಾನೇ ಇರತ್ತೆ, ಔಷಧಿ ಇದೆ, ಸಮಯಕ್ಕೆ ಸಿಗ್ದಿದ್ರೆ ಜೀವಕ್ಕೇ ಅಪಾಯ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಹಾಗಾದ್ರೆ ರಕ್ತ ಬಿಟ್ಟು ಸ್ಕ್ಯಾನೇ ಮಾಡಿಸ್ಬಹುದಲ್ಲಾ ಅಂತ ಕೇಳಬಹುದು. ಮಾಮೂಲಿ ಅಲ್ಟ್ರಾಸೌಂಡ್ ಕೊಬ್ಬು ಕಮ್ಮಿ ಇದ್ರೆ ಹಿಡಿಯಲ್ಲ. ಲಿವರ್ ಕೋಶಗಳಲ್ಲಿ ನೂರಕ್ಕೆ 5ಕ್ಕಿಂತ ಜಾಸ್ತಿಯಲ್ಲಿ ಕೊಬ್ಬಿದ್ರೇ ಫ್ಯಾಟಿ ಲಿವರ್ ಅಂತಾರೆ, ಅಲ್ಟ್ರಾಸೌಂಡ್‌ಗೆ ಸರಿಯಾಗಿ ಕಾಣೋಕೆ 20–30 ಆದ್ರೂ ಬೇಕು. ಎಂಆರ್‌ಐ ಕೊಬ್ಬನ್ನ ಕರಾರುವಾಕ್ಕಾಗಿ ಅಳೆಯತ್ತೆ, ಲಿವರ್‌ನ ಚೂರು ತೆಗೆದು ನೋಡೋ ಬಯಾಪ್ಸಿ ಉರಿಯೂತ ಮತ್ತು ಗಾಯ ತೋರಿಸತ್ತೆ, ಯಾವುದು ಬೇಕು ಅನ್ನೋದು ತಜ್ಞರು ನಿರ್ಧರಿಸೋ ಮಾತು. ಎಎಲ್‌ಟಿ ನಾರ್ಮಲ್ ಇದ್ದೂ ಕೊಬ್ಬಿರೋ ಮಕ್ಕಳಿದಾರೆ, ಹಾಗಾಗಿ ಕುತ್ತಿಗೆ ಕಪ್ಪು, ಟ್ರೈಗ್ಲಿಸರೈಡ್ ಜಾಸ್ತಿ, ಎಎಲ್‌ಟಿ ಮಾತ್ರ 20 ಅಂದ್ರೆ ನಿರಾಳ ಆಗೋಕೆ ಹೋಗ್ಬೇಡಿ.

ಫ್ಯಾಟಿ ಲಿವರ್ ಅಂತ ಖಾತ್ರಿ ಆದ್ರೆ ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಆಗಿದ್ಯಾ ನೋಡಿ. ಸಿಹಿ ಡ್ರಿಂಕ್ಸ್ ಮನೆಗೇ ತರೋದು ನಿಲ್ಲಿಸಿ, ಮಗುಗೆ ಮಾತ್ರ ಅಲ್ಲ, ಎಲ್ಲರಿಗೂ. ಇನ್ನೂ ಉದ್ದ ಬೆಳೀತಿರೋ ಮಗುಗೆ ಎಷ್ಟೋ ಸಲ ತೂಕ ಇಳಿಸೋದೇ ಬೇಡ, ಇದ್ದಲ್ಲೇ ನಿಂತು ಎತ್ತರ ಬೆಳೆದ್ರೂ ಬಿಎಂಐ ಇಳಿಯತ್ತೆ. ಮೂರರಿಂದ ಆರು ತಿಂಗಳಿಗೆ ಮತ್ತೆ ರಕ್ತ ಕೊಡಿ, ಆದಷ್ಟೂ ಅದೇ ಲ್ಯಾಬ್‌ನಲ್ಲಿ. ಒಂದು ನೋಟ್‌ಬುಕ್‌ನಲ್ಲಿ ತಾರೀಕು, ತೂಕ, ಎತ್ತರ, ಸೊಂಟದ ಸುತ್ತಳತೆ, ಎಎಲ್‌ಟಿ, ಜಿಜಿಟಿ, ಟ್ರೈಗ್ಲಿಸರೈಡ್, ಪ್ಲೇಟ್‌ಲೆಟ್ ಒಂದೇ ಸಾಲಲ್ಲಿ ಬರೀತಾ ಹೋಗಿ. ಎಎಲ್‌ಟಿ 68 ಇದ್ದಿದ್ದು 49ಕ್ಕೆ ಬಂದ್ರೆ ರಿಪೋರ್ಟ್‌ನಲ್ಲಿ ಏನೇ ಗುರುತು ಹಾಕಿರ್ಲಿ, ಆ ಸಾಲನ್ನ ಮಗುಗೆ ತೋರಿಸಿ. ಕಣ್ಣು ಹಳದಿ ಆದ್ರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದ್ರೆ, ಹೊಟ್ಟೆ ಊದಿದ್ರೆ, ರಕ್ತ ವಾಂತಿ ಆದ್ರೆ ಅಥವಾ ಮಗು ಮಂಕಾಗಿ ಗೊಂದಲದಲ್ಲಿ ಮಾತಾಡಿದ್ರೆ ನೋಟ್‌ಬುಕ್ ಹುಡುಕ್ತಾ ಕೂರ್ಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.