ನೆಲತಾಳೆ ನೆಡಲು ಹೋಗಿ ಈಚಲು ನೆಟ್ಟದ್ದು

ಮೊದಲ ಸಲ ನಾನು ಗುಡ್ಡೆಯಿಂದ ಕಿತ್ತು ತಂದು ನೆಟ್ಟದ್ದು ನೆಲತಾಳೆಯೇ ಅಲ್ಲ, ಈಚಲಿನ ಸಸಿ. ನೆಲತಾಳೆ ಅಂದರೆ ಗಡ್ಡೆಯನ್ನು ಮದ್ದಿಗೆ ಬಳಸುವ ಒಂದು ಸಣ್ಣ ಗಿಡ. ತಿಂಗಳುಗಟ್ಟಲೆ ನೀರು ಹಾಕಿ ಸಾಕಿದ ಮೇಲೆ ಎಲೆಯ ತುದಿ ಕೈಗೆ ಚುಚ್ಚತೊಡಗಿತು. ಅತ್ತೆ ನೋಡಿ ನಕ್ಕರು. "ಮಾರಾಯ, ಹೂ ಬಿಟ್ಟಾಗ ನೋಡಿ ತರ್ಬೇಕಿತ್ತಲ್ವಾ?"

ಸ್ವಲ್ಪ ತಪ್ಪು ಹೆಸರಿನದ್ದೂ ಹೌದು. ನೆಲತಾಳೆಯ ಎಲೆ ತಾಳೆ ಸಸಿಯ ಹಾಗೆ ನೆರಿಗೆ ನೆರಿಗೆ. ತಮಿಳರ ನಿಲಪ್ಪನೈ, ಮಲಯಾಳದ ನಿಲಪ್ಪನ, ತೆಲುಗಿನ ನೇಲತಾಡಿ, ಎಲ್ಲದರ ಅರ್ಥವೂ ನೆಲದ ತಾಳೆ ಅಂತಲೇ. ಹಿಂದಿಯವರು ಮಾತ್ರ ಮಣ್ಣು ಕೆದಕಿ ಗಡ್ಡೆ ನೋಡಿ ಕಾಲಿ ಮುಸಲಿ ಅಂದರು. ಮುಸಲ ಅಂದರೆ ಒನಕೆ. ಗಡ್ಡೆ ನೆಟ್ಟಗೆ ಕೆಳಗಿಳಿದಿರುತ್ತದೆ, ಹೊರಗೆ ಕಪ್ಪು, ಒಳಗೆ ಬಿಳಿ. ಸಸ್ಯಶಾಸ್ತ್ರದವರ ಕರ್ಕ್ಯುಲಿಗೊ ಎಂಬ ಹೆಸರು ಬೀಜ ನೋಡಿ ಇಟ್ಟದ್ದು. ಬೀಜಕ್ಕೆ ಸಣ್ಣ ಕೊಕ್ಕಿದೆ, ಲ್ಯಾಟಿನ್‌ನಲ್ಲಿ ಮೂತಿಹುಳಕ್ಕೆ ಕರ್ಕ್ಯುಲಿಯೊ ಅನ್ನುತ್ತಾರೆ. ಎಲೆ ಆಯ್ತು, ಗಡ್ಡೆ ಆಯ್ತು, ಬೀಜವೂ ಆಯ್ತು, ಆದರೆ ಇವುಗಳಲ್ಲಿ ಒಂದೂ ಹೂ ನೋಡಿ ಇಟ್ಟ ಹೆಸರಲ್ಲ. ಕೇರಳದಲ್ಲಿ ದಶಪುಷ್ಪಗಳಲ್ಲಿ ಇದೂ ಒಂದು, ಕರ್ಕಾಟಕ ಮಾಸದಲ್ಲಿ ಹೆಂಗಸರು ಮುಡಿಯುತ್ತಾರೆ. ಅಲ್ಲಾದರೂ ಹೂವೆಂದು ಲೆಕ್ಕಕ್ಕೆ ಸಿಕ್ಕಿತಲ್ಲ.

ಎರಡನೇ ಸಲ ಅತ್ತೆ ಹೇಳಿದ ಹಾಗೆ ಕಾದೆ. ಮಳೆ ಹಿಡಿದು ಎರಡು ಮೂರು ವಾರಕ್ಕೆ, ಗೇರುಮರದ ಅಡಿಯ ತರಗೆಲೆ ನಡುವೆ ಹಳದಿ ಕಂಡಿತು. ಆರು ಎಸಳು, ಎಂಟಾಣೆಯಷ್ಟು ಅಗಲ, ಹಿಂಬದಿ ಪೂರ್ತಿ ಸಣ್ಣ ರೋಮ. ಕೂತು ನೋಡಿದರೆ ತೊಟ್ಟು ಅಂದುಕೊಂಡದ್ದು ತೊಟ್ಟೇ ಅಲ್ಲ. ಕಾಯಿಯಾಗುವ ಭಾಗ ಎಲೆಬುಡದಲ್ಲಿ, ಮಣ್ಣಿನ ಮಟ್ಟದಲ್ಲೇ ಅಡಗಿರುತ್ತದೆ. ಅದರ ಮೂತಿಯೇ ದಾರದಂತೆ ಉದ್ದವಾಗಿ ಮೇಲೆ ಬಂದು ಹೂವನ್ನು ಹೊತ್ತಿರುತ್ತದೆ. ಕಾಯಿ ಹೊರಗೆ ಕಾಣುವುದೇ ಇಲ್ಲ.

ಒಂದೇ ಗಿಡ ತಂದೆ. ಮದ್ದಿಗೆಂದು ಗಡ್ಡೆ ಅಗೆದು ಅಗೆದು ಮೊದಲೇ ಕಡಿಮೆಯಾಗಿದೆ, ಜಾಸ್ತಿ ಕೀಳುವ ಮನಸ್ಸಾಗಲಿಲ್ಲ. ಗಡ್ಡೆಯನ್ನು ಎರಡು ಸೆಂಟಿಮೀಟರಿನಂತೆ ಐದು ತುಂಡು ಮಾಡಿ ನೆಟ್ಟೆ. ಮೂರು ಕೊಳೆತವು, ಕುಂಡದ ತೂತು ಮುಚ್ಚಿಹೋದದ್ದನ್ನು ನಾನು ನೋಡಿರಲಿಲ್ಲ. ಉಳಿದ ಎರಡು ಚಿಗುರಿದವು, ಆದರೆ ನಿಜವಾದ ಲಾಭ ಬಂದದ್ದು ಎಲೆಯಿಂದ. ಉದ್ದದ ಎಲೆ ಬಾಗಿ ತುದಿ ಒದ್ದೆ ಮಣ್ಣಿಗೆ ತಾಗಿದರೆ ಅಲ್ಲೇ ಬೇರು ಬಿಟ್ಟು ಮರಿ ಹುಟ್ಟುತ್ತದೆ. ಪಕ್ಕದಲ್ಲಿ ಇನ್ನೊಂದು ಕುಂಡವಿಟ್ಟು, ತುದಿಯನ್ನು ಅದರ ಮಣ್ಣಿಗೆ ಬಗ್ಗಿಸಿ ಮೇಲೊಂದು ಸಣ್ಣ ಕಲ್ಲು ಇಟ್ಟೆ, ಅಷ್ಟೇ ಕೆಲಸ. ಬೇಸಿಗೆಯಲ್ಲಿ ಎಲೆ ಒಣಗಿದಾಗ ಸತ್ತಿತೆಂದು ಒಂದನ್ನು ಸುಮ್ನೆ ಎಸೆದುಬಿಟ್ಟೆ. ಹಾಗೆ ಮಾಡಬೇಡಿ, ನೆರಳಲ್ಲಿಟ್ಟು ನೀರು ಕಡಿಮೆ ಮಾಡಿ, ಮಳೆಗೆ ಮತ್ತೆ ಬರುತ್ತದೆ.

ಈಗ ಏಳು ಕುಂಡ ಇವೆ. ಒಂದನ್ನು ಅತ್ತೆಗೆ ಕೊಟ್ಟೆ. ಕೈಗೆ ತೆಗೆದುಕೊಳ್ಳುವ ಮೊದಲು ಅವರು ಎಲೆಯ ತುದಿ ಮುಟ್ಟಿ ನೋಡಿದರು, ಚುಚ್ಚುತ್ತದಾ ಅಂತ.