ಹಳೆಯ ಸ್ವಿಫ್ಟ್‌ಗೆ ಹೊಸ ಸ್ಟೀರಿಯೊ ಕೂರಿಸಿದ್ದು

ನನ್ನದು 2013ರ ಡೀಸೆಲ್ ಸ್ವಿಫ್ಟ್. ಕಾರಿನ ಜೊತೆಗೇ ಬಂದಿದ್ದ ಸ್ಟೀರಿಯೊ ಕೆಟ್ಟಿರಲಿಲ್ಲ. ಹಾಡುತ್ತಿತ್ತು, ರೇಡಿಯೊ ಹಿಡಿಯುತ್ತಿತ್ತು, ಸಿಡಿ ಕೊಟ್ಟರೆ ನುಂಗುತ್ತಿತ್ತು. ಅದರಿಂದ ಆಗದಿದ್ದ ಎರಡು ಕೆಲಸ ನನಗೆ ಬೇಕಾಗಿದ್ದವು. ಒಂದು, ಕಣ್ಣೆದುರಿಗೆ ನಕ್ಷೆ. ಮೊಬೈಲನ್ನು ಗಾಜಿಗೆ ಅಂಟಿಸಿಕೊಂಡು ಓಡಿಸುವುದು ನನಗೆ ಸೇರದು. ಇನ್ನೊಂದು, ರಿವರ್ಸ್ ಕ್ಯಾಮೆರಾ. ಮೈಸೂರಿನ ಅಗ್ರಹಾರದ ಕಡೆ ನಮ್ಮ ಮನೆಯಿರುವ ಓಣಿಯಲ್ಲಿ ಕಾರನ್ನು ಹಿಂದಕ್ಕೆ ತೆಗೆಯಬೇಕಾದರೆ ಒಂದು ಪಕ್ಕ ಚರಂಡಿ, ಇನ್ನೊಂದು ಪಕ್ಕ ನೆರೆಮನೆಯ ಜಗುಲಿ. ಹೊಸ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಅದಕ್ಕೂ ಹಿಂದಿನ ಕಾರು ಇಟ್ಟುಕೊಂಡವರು ಕತ್ತು ಹೊರಳಿಸಿಯೇ ಜೀವನ ಮಾಡಬೇಕು.

ಅಂಗಡಿಯವರು ಮೊದಲು ತೋರಿಸುವುದು ಪರದೆಯ ಅಳತೆ. ಒಂಬತ್ತು ಇಂಚು, ಹತ್ತು ಇಂಚು, ಇಷ್ಟು ರ‍್ಯಾಮ್, ಅಷ್ಟು ಮೆಮೊರಿ. ಇಲ್ಲಿ ಎರಡು ಬಗೆಯ ಸರಕು ಬೆರೆತುಹೋಗಿದೆ ಎಂಬುದನ್ನು ಅವರಾಗಿ ಹೇಳುವುದಿಲ್ಲ. ಆಂಡ್ರಾಯ್ಡ್ ಸ್ಟೀರಿಯೊ ಎಂದರೆ ಡ್ಯಾಶ್‌ಬೋರ್ಡ್‌ಗೆ ಕೂರಿಸಿದ ಒಂದು ಟ್ಯಾಬ್ಲೆಟ್. ಆಂಡ್ರಾಯ್ಡ್ ಆಟೊ ಇರುವ ಸ್ಟೀರಿಯೊ ಬೇರೆ. ಅಲ್ಲಿ ಕೆಲಸವೆಲ್ಲ ನಮ್ಮ ಮೊಬೈಲಿನದು, ಸ್ಟೀರಿಯೊ ಅದನ್ನು ಪರದೆಗೆ ತರುತ್ತದೆ ಅಷ್ಟೆ. ಟ್ಯಾಬ್ಲೆಟ್ ಬಗೆಯದು ಎರಡು ಮೂರು ವರ್ಷದಲ್ಲಿ ಮುದಿಯಾಗಿ ತೆವಳತೊಡಗುತ್ತದೆ. ಎರಡನೆಯದರಲ್ಲಿ ಮೊಬೈಲ್ ಬದಲಾದಂತೆ ನಕ್ಷೆಯೂ ಹೊಸದಾಗುತ್ತದೆ. ಆಂಡ್ರಾಯ್ಡ್ ಆಟೊ ಕಾರುಗಳಿಗೆ ಬಂದದ್ದೇ 2015ರಲ್ಲಿ, ನನ್ನ ಕಾರು ಅದಕ್ಕಿಂತ ಹಿರಿಯ. ಹೆಸರಾಂತ ಕಂಪನಿಯೊಂದರ ಸುಮಾರು ಏಳು ಇಂಚಿನ ಡಬಲ್ ಡಿನ್ ಸ್ಟೀರಿಯೊ ಆರಿಸಿದೆ. ಅದರಲ್ಲಿ ಶಬ್ದ ಹೆಚ್ಚುಕಡಿಮೆ ಮಾಡಲು ಕೈಗೆ ಸಿಗುವ ನಿಜವಾದ ಗುಂಡಿಗಳಿವೆ. ಗಾಜನ್ನು ತಡವುತ್ತ ಶಬ್ದ ತಗ್ಗಿಸುವುದು ರಿಂಗ್ ರಸ್ತೆಯಲ್ಲಿ ಮಾಡುವ ಕೆಲಸವಲ್ಲ.

ಡಬಲ್ ಡಿನ್ ಎಂದರೆ 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ ಮುಖ. ಸಿಂಗಲ್ ಡಿನ್ ಇದರ ಅರ್ಧ ಎತ್ತರದ್ದು. ಆದರೆ ನನ್ನ ಸ್ವಿಫ್ಟ್‌ನ ಸ್ಟೀರಿಯೊ ಡ್ಯಾಶ್‌ಬೋರ್ಡ್‌ನ ಆಕಾರಕ್ಕೇ ಎರಕ ಹೊಯ್ದಂತಿತ್ತು. ಅದನ್ನು ತೆಗೆದರೆ ಉಳಿಯುವುದು ಚೌಕವಲ್ಲದ ಒಂದು ಬಾಯಿ. ಆ ಬಾಯಿಗೆ ಹೊಂದುವ ಫ್ರೇಮ್ ಬೇಕು. ಕಾರಿನ ಪ್ಲಗ್ಗಿಗೆ ನೇರ ಕೂರುವ ಹಾರ್ನೆಸ್, ಅಂದರೆ ಪ್ಲಗ್ ಸಮೇತದ ವೈರುಗಳ ಕಟ್ಟು ಬೇಕು. ಆಂಟೆನಾ ಪಿನ್ ಹೊಂದದಿದ್ದರೆ ಅದಕ್ಕೊಂದು ಅಡಾಪ್ಟರ್ ಬೇಕು. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಇವೆಲ್ಲ ಒಂದೇ ಕಡೆ ಸಿಕ್ಕವು. ಮೂರೂ ಸೇರಿ ಸ್ಟೀರಿಯೊ ಬೆಲೆಯ ಹತ್ತನೆಯ ಒಂದು ಪಾಲೂ ಆಗಲಿಲ್ಲ. ಅಷ್ಟನ್ನು ಉಳಿಸಲು ಹೋಗಿ ಕಂಪನಿಯ ಪ್ಲಗ್ಗನ್ನೇ ಕತ್ತರಿಸಿ, ವೈರುಗಳನ್ನು ಹೊಸೆದು, ಮೇಲೆ ಇನ್ಸುಲೇಷನ್ ಟೇಪ್ ಸುತ್ತುವ ಪದ್ಧತಿಯನ್ನು ಅನೇಕ ಕಡೆ ಕಂಡಿದ್ದೇನೆ. ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಒಳಗೆ ಆ ಟೇಪಿನ ಅಂಟು ಕರಗಿ ಜಾರುತ್ತದೆ. ಜಾರಿದ ಮೇಲೆ ಯಾವ ವೈರು ಯಾವುದಕ್ಕೆ ತಗಲುತ್ತದೋ ಹೇಳಬರುವುದಿಲ್ಲ.

ಅದಕ್ಕೇ ಸ್ಟೀರಿಯೊ ವೈರುಗಳನ್ನು ಹಾರ್ನೆಸ್‌ಗೆ ಬೆಸೆಯುವ ಕೆಲಸವನ್ನೆಲ್ಲ ಮನೆಯ ಮೇಜಿನ ಮೇಲೆ ಮುಗಿಸಿದೆ. ಸ್ಟೀರಿಯೊ ಜೊತೆ ಬರುವ ವೈರುಗಳಿಗೆ ಬಣ್ಣದ ಒಂದು ರೂಢಿ ಇದೆ. ಹಳದಿ, ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್. ಕೆಂಪು, ಕೀಲಿ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್. ಕಪ್ಪು, ಅರ್ತ್. ಕಿತ್ತಳೆ, ದೀಪ ಹಾಕಿದಾಗ ಪರದೆಯನ್ನು ಮಬ್ಬಾಗಿಸಲು. ಬಿಳಿ ಮುಂದಿನ ಎಡ ಸ್ಪೀಕರ್, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಪ್ರತಿಯೊಂದಕ್ಕೂ ಕಪ್ಪು ಗೆರೆಯ ಜೊತೆಗಾರ ಇದ್ದು, ಅದು ಋಣ ತುದಿ. ಆದರೆ ಈ ರೂಢಿ ಸ್ಟೀರಿಯೊ ತಯಾರಕರದು. ಕಾರಿನ ಒಳಗಿನ ವೈರುಗಳಿಗೆ ಅದರ ಹಂಗಿಲ್ಲ. ಬಣ್ಣಕ್ಕೆ ಬಣ್ಣ ಸೇರಿಸಿದರೆ ಕೆಲಸ ಕೆಟ್ಟಂತೆಯೇ.

ಆದ್ದರಿಂದ ಬೇಕಾದದ್ದು ಮಲ್ಟಿಮೀಟರ್, ವೋಲ್ಟ್, ಆಂಪಿಯರ್ ಎಲ್ಲ ಅಳೆಯುವ ಸಾಧನ. ಹಳೆಯ ಸ್ಟೀರಿಯೊ ಬಿಚ್ಚುವ ಮೊದಲು ಬ್ಯಾಟರಿಯ ಋಣ ತುದಿಯನ್ನು 10ರ ಸ್ಪ್ಯಾನರಿನಿಂದ ಸಡಿಲಿಸಿ ತೆಗೆದೆ, ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟೆ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅವಸರ ಸಲ್ಲದು. ಹಳದಿ ಕವಚದ ಏರ್‌ಬ್ಯಾಗ್ ವೈರುಗಳ ಹತ್ತಿರ ಕೈಯನ್ನೂ ಮೀಟರಿನ ಮುಳ್ಳನ್ನೂ ಒಯ್ಯಬಾರದು. ಪ್ಯಾನೆಲ್ ಎಬ್ಬಿಸಲು ಪ್ಲಾಸ್ಟಿಕ್ ಸನ್ನೆ ಬಳಸಿದೆ. ಬಿಸಿಲಿನಲ್ಲಿ ಒಂದಿಷ್ಟು ಹೊತ್ತು ನಿಲ್ಲಿಸಿದ ಕಾರಿನಲ್ಲಿ ಕ್ಲಿಪ್ಪುಗಳು ಮೆತ್ತಗಾಗಿ ಸಲೀಸಾಗಿ ಬಿಡುತ್ತವೆ; ಡಿಸೆಂಬರ್ ಬೆಳಗಿನ ಚಳಿಯಲ್ಲಿ ಅವೇ ಮುರಿಯುತ್ತವೆ. ಗೇರಿನ ಸುತ್ತ ಹಳೆಯ ಪಂಚೆಯೊಂದನ್ನು ಹಾಸಿದ್ದೆ, ಸ್ಕ್ರೂ ಕೆಳಗೆ ಬಿದ್ದರೆ ಸಂದಿಗೆ ಸೇರದಿರಲಿ ಎಂದು.

ಸ್ಟೀರಿಯೊ ಹೊರಬಂದ ಮೇಲೆ ಬ್ಯಾಟರಿಯನ್ನು ಮತ್ತೆ ಜೋಡಿಸಿ, ಕಾರಿನ ಪ್ಲಗ್ಗಿನ ಒಂದೊಂದೇ ರಂಧ್ರಕ್ಕೆ ಮೀಟರಿನ ತೆಳು ಮುಳ್ಳು ತಾಗಿಸುತ್ತ ಹೋದೆ. ಕೀಲಿ ಕೈಯಲ್ಲಿದ್ದಾಗಲೂ ಹನ್ನೆರಡೂವರೆ ವೋಲ್ಟ್ ತೋರಿಸಿದ್ದು ಸದಾ ಬರುವ ಲೈನು. ಕೀಲಿಯನ್ನು ಒಂದು ಹೆಜ್ಜೆ ತಿರುಗಿಸಿದಾಗ ಮಾತ್ರ ಎದ್ದದ್ದು ಇನ್ನೊಂದು. ಪಾರ್ಕಿಂಗ್ ದೀಪ ಹಾಕಿದಾಗ ಎದ್ದದ್ದು ಮೂರನೆಯದು. ಹಳದಿ ಮತ್ತು ಕೆಂಪು ಅದಲುಬದಲಾದರೆ ಸ್ಟೀರಿಯೊ ಓಡುತ್ತದೆ, ಆದರೆ ಪ್ರತಿ ಸಲ ಕೀಲಿ ತೆಗೆದಾಗಲೂ ಗಡಿಯಾರ, ರೇಡಿಯೊ ಕೇಂದ್ರ, ಎಲ್ಲ ಮರೆಯುತ್ತದೆ. ಸ್ಟೀರಿಯೊಗೆ ಮರೆವಿನ ರೋಗ ಎಂದು ಅಂಗಡಿಗೆ ವಾಪಸು ಒಯ್ಯುವವರಲ್ಲಿ ಎಷ್ಟೋ ಜನರ ಸಮಸ್ಯೆ ಇದೇ. ಸ್ಪೀಕರ್ ಜೋಡಿಗಳನ್ನು ಗುರುತಿಸಲು ಒಂದೂವರೆ ವೋಲ್ಟಿನ ಪೆನ್‌ಸೆಲ್ ಸಾಕು. ಅದನ್ನು ಎರಡು ಪಿನ್ನಿಗೆ ಕ್ಷಣ ಮುಟ್ಟಿಸಿದರೆ ಆ ಬಾಗಿಲಿನಿಂದ ಟಪ್ ಎಂಬ ಸದ್ದು ಬರುತ್ತದೆ. ಮಗಳು ಹಿಂದಿನ ಸೀಟಿನಲ್ಲಿ ಕುಳಿತು ಯಾವ ಬಾಗಿಲು ಎಂದು ಕೂಗಿ ಹೇಳಿದಳು.

ಪ್ಯಾನೆಲ್ ಮುಚ್ಚುವ ಮೊದಲೇ ಎಲ್ಲವನ್ನೂ ಜೋಡಿಸಿ ಸ್ಟೀರಿಯೊವನ್ನು ಪಂಚೆಯ ಮೇಲಿಟ್ಟು ಓಡಿಸಿದೆ. ಪರದೆ ಬೆಳಗಿತು, ನಾಲ್ಕೂ ಸ್ಪೀಕರ್ ಹಾಡಿದವು. ಇಲ್ಲಿಗೆ ಮುಗಿಯಿತೆಂದು ಫ್ರೇಮ್ ಒತ್ತಿಬಿಡುವವರೇ ಹೆಚ್ಚು. ನಾನು ವಾರ್ತೆ ಹಾಕಿದೆ. ಹಾಡಿಗಿಂತ ವಾರ್ತೆ ಒಳ್ಳೆಯ ಪರೀಕ್ಷೆ, ಏಕೆಂದರೆ ಒಬ್ಬನೇ ಮನುಷ್ಯನ ದನಿ ಎಡಬಲ ಎರಡರಿಂದಲೂ ಸಮವಾಗಿ ಬಂದಾಗ ಅದು ಡ್ಯಾಶ್‌ಬೋರ್ಡ್‌ನ ನಟ್ಟನಡುವೆ ನಿಂತಂತೆ ಕೇಳಬೇಕು. ನನಗೆ ಕೇಳಿದ್ದು ಹಾಗಲ್ಲ. ದನಿ ಎಲ್ಲೂ ನಿಲ್ಲದೆ ಕಿವಿಯ ಸುತ್ತ ಚದುರಿತ್ತು, ಎದೆಯ ತುಂಬು ದನಿ ಮಾಯವಾಗಿತ್ತು. ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ತಂದೆ: ದನಿ ತುಂಬಿ ಬಂತು. ಪೂರ್ತಿ ಬಲಕ್ಕೆ: ಅದೂ ಸರಿ. ನಡುವೆ ತಂದ ತಕ್ಷಣ ಟೊಳ್ಳು. ಒಂದು ಸ್ಪೀಕರ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತಿತ್ತು. ಕೊಂಡುತಂದ ಹಾರ್ನೆಸ್‌ನಲ್ಲಿ ಮುಂದಿನ ಬಲ ಜೋಡಿಯ ಧನ, ಋಣ ತಿರುವುಮುರುವಾಗಿ ಬಂದಿದ್ದವು. ಪ್ಲಗ್ಗಿನಿಂದ ಎರಡು ಪಿನ್ ಹೊರತೆಗೆದು ಅದಲುಬದಲು ಮಾಡಿ ಹಾಕಿದೆ. ವಾರ್ತೆ ಓದುವವರು ನಡುಮಧ್ಯೆ ಬಂದು ಕುಳಿತರು. ಸ್ಟೀರಿಯೊ ಬದಲಿಸಿದ ಮೇಲೆ ಬೇಸ್ (ತಗ್ಗು ಸ್ವರ) ಇಲ್ಲ, ಸ್ಪೀಕರೂ ಬದಲಿಸಬೇಕು ಎಂದು ಮತ್ತೊಂದು ಖರ್ಚಿಗೆ ಕೈಹಾಕುವ ಮುನ್ನ ಇದೊಂದನ್ನು ನೋಡಿಕೊಳ್ಳುವುದು ಒಳ್ಳೆಯದು.

ವಾರ್ತೆ ಹಾಕುವುದಕ್ಕೂ ಮೊದಲು ಒಂದು ತೊಡಕು ಬಿಡಿಸಬೇಕಾಗಿತ್ತು. ಮೈಸೂರು ಆಕಾಶವಾಣಿ ಇರುವುದು ಎಫ್‌ಎಂ 100.6ರಲ್ಲಿ. ಹೊಸ ಸ್ಟೀರಿಯೊ 100.5ಕ್ಕೆ ಹೋಗುತ್ತಿತ್ತು, ಅಲ್ಲಿಂದ 100.7ಕ್ಕೆ ಹಾರುತ್ತಿತ್ತು, ನಡುವಿನ ನಿಲ್ದಾಣ ಅದಕ್ಕೆ ಇಲ್ಲವೇ ಇಲ್ಲ. ಕಾರಣ, ರೇಡಿಯೊದ ಪ್ರದೇಶವನ್ನು ಅಮೆರಿಕ ಎಂದು ಇಡಲಾಗಿತ್ತು. ಅಲ್ಲಿ ಎಫ್‌ಎಂ ಕೇಂದ್ರಗಳು 0.2 ಮೆಗಾಹರ್ಟ್ಸ್ ಅಂತರದಲ್ಲಿ, ಬೆಸ ಅಂಕೆಗಳಲ್ಲೇ ಕೊನೆಗೊಳ್ಳುತ್ತವೆ. ಬೆಂಗಳೂರಿನಲ್ಲಿದ್ದಿದ್ದರೆ ರೇನ್‌ಬೋದ 101.3, ವಿವಿಧ ಭಾರತಿಯ 102.9 ಎರಡೂ ಬೆಸವೇ ಆದ್ದರಿಂದ ನನಗೆ ಗೊತ್ತೇ ಆಗುತ್ತಿರಲಿಲ್ಲವೇನೋ. ಎಎಂನಲ್ಲೂ ಇದೇ ಕಥೆ: ಅವರದು 10 ಕಿಲೋಹರ್ಟ್ಸ್ ಹೆಜ್ಜೆ, ನಮ್ಮದು 9. ಬೆಂಗಳೂರಿನ 612, ಧಾರವಾಡದ 765 ಎರಡೂ ಒಂಬತ್ತರ ಮಗ್ಗಿಯಲ್ಲಿ ಬರುವ ಅಂಕೆಗಳು. ಸೆಟ್ಟಿಂಗ್‌ನಲ್ಲಿ ಪ್ರದೇಶ ಬದಲಿಸಿದೊಡನೆ 100.6 ಸಿಕ್ಕಿತು. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ತೆರೆದ ಊರು ಇದು. ಇಲ್ಲಿ ಆಕಾಶವಾಣಿ ಹಿಡಿಯದ ಸ್ಟೀರಿಯೊ ಇಟ್ಟುಕೊಂಡು ಓಡಾಡುವುದು ಹೇಗೆ?

ಸ್ಟೀರಿಂಗ್ ಮೇಲಿನ ಗುಂಡಿಗಳು ಹೋಗಿಬಿಡುತ್ತವೆ ಎಂದು ಅನೇಕರು ಹೆದರಿಸಿದ್ದರು. ಹೋಗಬೇಕಿಲ್ಲ. ಆ ಗುಂಡಿಗಳ ಹಿಂದಿರುವುದು ವಿದ್ಯುತ್ತಿಗೆ ಬೇರೆ ಬೇರೆ ಪ್ರಮಾಣದ ತಡೆಯೊಡ್ಡುವ ರೆಸಿಸ್ಟರುಗಳು ಮಾತ್ರ. ಒಂದೊಂದು ಗುಂಡಿ ಒತ್ತಿದಾಗಲೂ ಒಂದೊಂದು ರೆಸಿಸ್ಟೆನ್ಸ್. ಮೀಟರ್ ಹಿಡಿದು ಒತ್ತಿದರೆ ಅಂಕೆ ಬದಲಾಗುವುದು ಕಾಣುತ್ತದೆ. ಆ ವೈರನ್ನು ಸ್ಟೀರಿಯೊದ ಹಿಂದಿರುವ ಸ್ಟೀರಿಂಗ್ ಇನ್‌ಪುಟ್‌ಗೆ ಕೊಟ್ಟು, ಕಲಿಸುವ ಮೆನುವಿನಲ್ಲಿ ಇದು ಶಬ್ದ ಏರಿಸಲು, ಇದು ಇಳಿಸಲು ಎಂದು ಒಂದೊಂದಾಗಿ ಒತ್ತಿ ತೋರಿಸಿದೆ. ಎಲ್ಲ ಸ್ಟೀರಿಯೊಗಳಲ್ಲೂ ಈ ಸೌಲಭ್ಯ ಇರುವುದಿಲ್ಲ; ಕೊಳ್ಳುವಾಗಲೇ ಕೇಳಬೇಕು.

ಕ್ಯಾಮೆರಾದ ಕೆಲಸದಲ್ಲಿ ಬೇಕಾದದ್ದು ತಾಳ್ಮೆಯೊಂದೇ. ಹಿಂಬಾಗಿಲಿನ ರಬ್ಬರ್ ಕೊಳವೆಯೊಳಗಿಂದ ವೈರ್ ತೂರಿಸಿ, ಎಡಪಕ್ಕದ ಹೊಸಿಲ ಪಟ್ಟಿಯ ಕೆಳಗೆ ಮುಂದಕ್ಕೆ ಎಳೆದೆ. ಕ್ಯಾಮೆರಾಗೆ ವಿದ್ಯುತ್ ರಿವರ್ಸ್ ದೀಪದಿಂದ. ಅದೇ ದೀಪದ ಇನ್ನೊಂದು ಎಳೆ ಸ್ಟೀರಿಯೊಗೆ ಹೋಗಿ, ಗೇರ್ ಹಾಕಿದೊಡನೆ ಪರದೆ ಬದಲಾಗುವಂತೆ ಮಾಡುತ್ತದೆ.

ಹ್ಯಾಂಡ್‌ಬ್ರೇಕಿನ ವೈರ್ ಬಗ್ಗೆ ನನಗೆ ಖಚಿತ ಅಭಿಪ್ರಾಯ ಇದೆ. ಕಾರು ನಿಂತಾಗ ಮಾತ್ರ ವಿಡಿಯೊ ಓಡಲಿ ಎಂದು ತಯಾರಕರು ಇಟ್ಟ ವೈರ್ ಅದು. ಅದನ್ನು ನೇರ ಅರ್ತ್‌ಗೆ ಕೊಟ್ಟು, ಓಡಿಸುತ್ತಲೇ ಸಿನಿಮಾ ನೋಡುವ ಹಾಗೆ ಮಾಡಿಕೊಡುವುದನ್ನು ಕೆಲವರು ಉಪಕಾರವೆಂದೇ ಭಾವಿಸಿದ್ದಾರೆ. ನಾನು ಅದನ್ನು ಹ್ಯಾಂಡ್‌ಬ್ರೇಕಿನ ಸ್ವಿಚ್ಚಿಗೇ ಎಳೆದೆ. ಬೆಂಗಳೂರು ಹೆದ್ದಾರಿಯಲ್ಲಿ ಪಕ್ಕದ ಕಾರಿನ ಪರದೆಯಲ್ಲಿ ಕ್ರಿಕೆಟ್ ಓಡುವುದನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಪೆಟ್ಟಿಗೆಯ ಮೇಲೆ 50 ವಾಟ್ ಗುಣಿಸು 4 ಎಂದು ದಪ್ಪಕ್ಷರದಲ್ಲಿದೆ. ಸ್ಟೀರಿಯೊದ ಹಿಂದಿನ ಫ್ಯೂಸ್ ನೋಡಿದರೆ 10 ಆಂಪಿಯರ್. ಎಂಜಿನ್ ಓಡುವಾಗಿನ 14.4 ವೋಲ್ಟಿಗೆ ಗುಣಿಸಿದರೆ ಒಟ್ಟು 144 ವಾಟ್. ಅದರಲ್ಲೇ ಪರದೆಯೂ ಬೆಳಗಬೇಕು, ಬಿಸಿಯೂ ಹೋಗಬೇಕು. ನಾಲ್ಕು ಸ್ಪೀಕರಿಗೂ ಎಡೆಬಿಡದೆ ಸಿಗುವುದು ತಲಾ 20 ವಾಟಿನ ಆಸುಪಾಸು. ಕಾರಿನೊಳಗೆ ಅದು ಧಾರಾಳವಾಯಿತು. ನಾನು ಬಾಗಿಲಿನ ಸ್ಪೀಕರುಗಳಿಗೆ 80 ಹರ್ಟ್ಸ್‌ನ ಕೆಳಗಿನ ತಗ್ಗು ಸ್ವರಗಳನ್ನು ತಡೆಯುವ ಫಿಲ್ಟರ್ ಹಾಕಿದೆ. ಪುಟ್ಟ ಸ್ಪೀಕರ್ ಮಾಡಲಾಗದ ಕೆಲಸವನ್ನು ಅದರ ತಲೆಗೆ ಕಟ್ಟದಿದ್ದರೆ ಉಳಿದದ್ದನ್ನು ಸ್ವಚ್ಛವಾಗಿ ಮಾಡುತ್ತದೆ. ಮೃದಂಗದ ಬಲಮುಖದ ನುಡಿಗಳು ಈಗ ಬಿಡಿಬಿಡಿಯಾಗಿ ಕೇಳುತ್ತವೆ.

ಫ್ರೇಮ್ ಕೂರಿಸಿದ ಮೇಲೆ ಮಾಡಿದ ಒಂದು ಅಳತೆಯನ್ನು ಮಾತ್ರ ಯಾವ ಅಂಗಡಿಯಲ್ಲೂ ಮಾಡುವುದನ್ನು ನಾನು ಕಂಡಿಲ್ಲ. ಬ್ಯಾಟರಿಯ ಋಣ ತುದಿಯನ್ನು ಬಿಡಿಸಿ, ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿಟ್ಟು, ಬಾಗಿಲು ಹಾಕಿ ಬೀಗ ಜಡಿದು, ಕಾರಿನೊಳಗಿನದೆಲ್ಲ ಮಲಗುವವರೆಗೆ ಕಾದೆ. ಮೀಟರ್ ಹೀಗೆ ಇರುವಾಗ ಎಂಜಿನ್ ಸ್ಟಾರ್ಟ್ ಮಾಡಿದರೆ ಮೀಟರಿನ ಫ್ಯೂಸ್ ಹೋಗುತ್ತದೆ, ನೆನಪಿರಲಿ. ಹೀಗೆ ಸುಮ್ಮನೆ ನಿಂತ ಕಾರು ಬ್ಯಾಟರಿಯಿಂದ ಎಳೆಯುವ ವಿದ್ಯುತ್ 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಸರಿಯಾಗಿ ಮಲಗದ ಸ್ಟೀರಿಯೊ 200 ಮಿಲಿಆಂಪಿಯರ್ ಎಳೆಯುತ್ತಿದೆ ಎಂದುಕೊಳ್ಳಿ: ದಿನಕ್ಕೆ 4.8 ಆಂಪಿಯರ್ ಅವರ್. 45ರ ಬ್ಯಾಟರಿ ಐದು ದಿನದಲ್ಲಿ ಅರ್ಧಕ್ಕಿಂತ ಕೆಳಗೆ. ದಸರಾ ರಜೆಗೆ ಊರಿಗೆ ಹೋಗಿ ಬಂದವರ ಕಾರು ಸ್ಟಾರ್ಟ್ ಆಗದಿದ್ದರೆ ಬ್ಯಾಟರಿಯನ್ನು ಬೈಯುವ ಮುನ್ನ ಈ ಲೆಕ್ಕ ನೋಡಬಹುದು. ನನ್ನದು 50ರ ಒಳಗೇ ನಿಂತಿತು.

ಒಂದೂ ವೈರ್ ಕತ್ತರಿಸದ ಕಾರಣ ಹಳೆಯ ಸ್ಟೀರಿಯೊವನ್ನು ಯಾವಾಗ ಬೇಕಾದರೂ ವಾಪಸು ಕೂರಿಸಬಹುದು. ಅದನ್ನು ಅದರ ಬ್ರಾಕೆಟ್, ಸ್ಕ್ರೂಗಳ ಸಮೇತ ಅಟ್ಟದಲ್ಲಿ ಇಟ್ಟಿದ್ದೇನೆ. ಹೊಸ ಕಾರಿನವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಕತ್ತರಿಸಿದ ವೈರ್ ತೋರಿಸಿ ವಾರಂಟಿ ನಿರಾಕರಿಸಲು ಸುಲಭ. ವಿಮೆಯ ವಿಚಾರವೂ ಒಂದಿದೆ. ಹೊರಗಿನಿಂದ ಹಾಕಿಸಿದ ಎಲೆಕ್ಟ್ರಾನಿಕ್ ಸಾಮಗ್ರಿ ತಾನಾಗಿಯೇ ಪಾಲಿಸಿಯೊಳಗೆ ಬರುವುದಿಲ್ಲ. ಅದರ ಬೆಲೆಯನ್ನು ಘೋಷಿಸಿ, ಸ್ವಲ್ಪ ಹೆಚ್ಚು ಕಂತು ಕಟ್ಟಿ ಐಎಂಟಿ 24 ಎಂಬ ಷರತ್ತನ್ನು ಸೇರಿಸಿಕೊಳ್ಳಬೇಕು. ನವೀಕರಣದ ಸಮಯಕ್ಕೆ ಬೇಕಾಗುತ್ತದೆಂದು ಬಿಲ್ಲನ್ನು ಕಾರಿನ ಕಾಗದಗಳ ಜೊತೆಯಲ್ಲೇ ಇಟ್ಟಿದ್ದೇನೆ.