ಬೈತಲೆಗೆ ‘ಪಾರ್ಟ್’, ಸುಳಿಗೆ ‘ಕೌಲಿಕ್’: ಅಮೆರಿಕದಲ್ಲಿ ಬ್ಯೂಟಿ ಕೋರ್ಸ್ ಮಾಡುವ ಕನ್ನಡದವರಿಗೆ

ಅಮೆರಿಕದ ಬ್ಯೂಟಿ ಸ್ಕೂಲಿಗೆ ಸೇರಬೇಕೆಂದಿರುವವರು ಹೆದರುವುದು ಪಠ್ಯಪುಸ್ತಕದ ಉದ್ದುದ್ದ ಪದಗಳಿಗೆ: ಸ್ಟ್ರೇಟಮ್ ಜರ್ಮಿನೇಟಿವಮ್, ಟ್ರೈಕಾಲಜಿ, ಒನಿಕೋಮೈಕೋಸಿಸ್. ಈ ಹೆದರಿಕೆ ಬೇಡ. ಅಲ್ಲೇ ಹುಟ್ಟಿ ಬೆಳೆದ ಸಹಪಾಠಿಗೂ ಈ ಪದಗಳು ಅಷ್ಟೇ ಹೊಸವು. ಒಮ್ಮೆ ಬಾಯಿಪಾಠವಾದರೆ ಎಲ್ಲಿ ಕಂಡರೂ ಅದೇ ಅರ್ಥ. ನಿಜವಾಗಿ ಎಡವಿಸುವುದು ‘ಎಕ್ಸೆಪ್ಟ್’, ‘ಫಸ್ಟ್’, ‘ಲಿಫ್ಟ್’, ‘ಪಾರ್ಟ್’, ‘ಆಫ್’ ಥರದ ಪುಟ್ಟ ಪದಗಳು. ಗೊತ್ತಿದೆ ಅಂದುಕೊಂಡು ಅವನ್ನು ಯಾರೂ ನೋಟ್ಸಿನಲ್ಲಿ ಬರೆದುಕೊಳ್ಳುವುದೇ ಇಲ್ಲ.

ಮೊದಲು ಕಾಗದಪತ್ರ

ಲೈಸೆನ್ಸ್ ಕೊಡುವುದು ಆಯಾ ರಾಜ್ಯ, ಕೇಂದ್ರ ಸರ್ಕಾರವಲ್ಲ. ಹಾಗಾಗಿ ಓದಬೇಕಾದ ಗಂಟೆಗಳೂ ಬೇರೆ ಬೇರೆ. ಕೂದಲು, ಚರ್ಮ, ಉಗುರು ಮೂರೂ ಸೇರಿದ ಕಾಸ್ಮೆಟಾಲಜಿಗೆ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಯಾರ್ಕ್ ಮೂರರಲ್ಲೂ 1000 ಗಂಟೆ. ಚರ್ಮದ ಆರೈಕೆ ಮಾತ್ರ ಸಾಕು ಅನ್ನುವವರು ಎಸ್ತೆಟಿಷಿಯನ್ ಕೋರ್ಸ್ ತೆಗೆದುಕೊಳ್ಳಬಹುದು: ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಲ್ಲಿ 600, ಟೆಕ್ಸಾಸ್‌ನಲ್ಲಿ 750. ವಾರಕ್ಕೆ 30 ಗಂಟೆ ಹೋದರೆ 1000 ಗಂಟೆ ಮುಗಿಯಲು 34 ವಾರ ಬೇಕು, 20 ಗಂಟೆಯಾದರೆ 50 ವಾರ. ಬರೀ ಥ್ರೆಡಿಂಗ್ ಮಾಡುವವರು ಕೋರ್ಸಿಗೆ ದುಡ್ಡು ಕಟ್ಟುವ ಮುನ್ನ ತಮ್ಮ ರಾಜ್ಯದ ನಿಯಮ ನೋಡಲಿ. ದಾರದಿಂದ ಹುಬ್ಬು ತೀಡುವವರಿಗೂ 750 ಗಂಟೆಯ ತರಬೇತಿ ಬೇಕೆಂಬ ಟೆಕ್ಸಾಸ್‌ನ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2015ರಲ್ಲೇ ತಳ್ಳಿಹಾಕಿದೆ.

ವೀಸಾ ವಿಷಯದಲ್ಲಿ ಅಂದಾಜಿನ ಮಾತು ನಂಬಬೇಡಿ. ಎಚ್-1ಬಿ ನೌಕರರ ಸಂಗಾತಿ, ಮಕ್ಕಳಿಗೆ ಸಿಗುವ ಎಚ್-4 ವೀಸಾದ ಮೇಲಿರುವವರು ವೀಸಾ ಬದಲಿಸದೆಯೇ ಓದಬಹುದು. ಆದರೆ ಇಎಡಿ ಎಂಬ ಕೆಲಸದ ಅನುಮತಿ ಪತ್ರ ಇಲ್ಲದೆ ದುಡಿಯುವಂತಿಲ್ಲ. ಮನೆಯಲ್ಲೇ ಪರಿಚಯದವರಿಗೆ ಫೇಶಿಯಲ್ ಮಾಡಿ ದುಡ್ಡು ಪಡೆದರೆ ಅದೂ ದುಡಿಮೆಯೇ. ಪ್ರವಾಸಿ ವೀಸಾದಲ್ಲಿ ಕೋರ್ಸ್ ಸೇರಲಾಗದು. ಭಾರತದಿಂದ ಇದಕ್ಕೆಂದೇ ಹೋಗುವವರಿಗೆ ಸಾಮಾನ್ಯವಾಗಿ ಸಿಗುವುದು ವೃತ್ತಿ ತರಬೇತಿಯ ಎಂ-1. ಅದಕ್ಕೆ ಶಾಲೆ ಐ-20, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪ್ರವೇಶದ ಪತ್ರ, ಕೊಡುವ ಅಧಿಕಾರ ಪಡೆದಿರಬೇಕು, ಎಲ್ಲ ಶಾಲೆಗಳಿಗೂ ಅದು ಇರುವುದಿಲ್ಲ. ಎಂ-1ನಲ್ಲಿ ಓದುವಾಗ ಕೆಲಸ ಮಾಡುವಂತಿಲ್ಲ. ಮುಗಿದ ಮೇಲೆ, ಅನುಮತಿ ಪಡೆದು, ಓದಿದ ಪ್ರತಿ 4 ತಿಂಗಳಿಗೆ 1 ತಿಂಗಳಿನಂತೆ ಪ್ರಾಯೋಗಿಕ ತರಬೇತಿ ಸಿಗುತ್ತದೆ. ಹೆಚ್ಚೆಂದರೆ 6 ತಿಂಗಳು.

ಕ್ಯಾಲಿಫೋರ್ನಿಯಾದ ಲೈಸೆನ್ಸಿಗೆ 17 ವರ್ಷ ತುಂಬಿ 10ನೇ ತರಗತಿ ಮುಗಿದಿದ್ದರೆ ಸಾಕು. ಅಂದರೆ ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಬಾಗಿಲು ಮುಚ್ಚಿಲ್ಲ. ಶಾಲೆಗಳು ಮಾತ್ರ ಹಲವು ಕಡೆ ಹೈಸ್ಕೂಲ್ ಡಿಪ್ಲೊಮಾಕ್ಕೆ ಸಮನಾದದ್ದನ್ನು ಕೇಳುತ್ತವೆ. ಆಗ ಪಿಯುಸಿ ಅಂಕಪಟ್ಟಿಯನ್ನು ಅಲ್ಲಿನ ಮೌಲ್ಯಮಾಪನ ಸಂಸ್ಥೆಯೊಂದಕ್ಕೆ ಕಳಿಸಿ ಸಮಾನತೆಯ ಪತ್ರ ತರಿಸಬೇಕು. ಯಾವ ಸಂಸ್ಥೆಯ ಪತ್ರ ನಡೆಯುತ್ತದೆ ಎಂದು ಶಾಲೆಯನ್ನೇ ಕೇಳಿ, ಆಮೇಲೆ ದುಡ್ಡು ಕಟ್ಟಿ.

ಸಹಿ ಹಾಕುವ ಮುನ್ನ ಕರಾರುಪತ್ರದ ಪ್ರತಿಯನ್ನು ಮನೆಗೆ ತಂದು ಓದಿ. ‘ಇಲ್ಲೇ ಸಹಿ ಮಾಡಿ, ಇವತ್ತೇ ಕೊನೆ ದಿನ’ ಎನ್ನುವ ಶಾಲೆಯಿಂದ ಎದ್ದು ಬರುವುದು ಲೇಸು. ಮೂರು ಸಂಗತಿ ಹುಡುಕಿ. ನಡುವೆ ಬಿಟ್ಟರೆ ಎಷ್ಟು ವಾಪಸ್ ಬರುತ್ತದೆ? ಕತ್ತರಿ, ಬೊಂಬೆತಲೆ ಇರುವ ಕಿಟ್ ಶುಲ್ಕದಲ್ಲಿ ಸೇರಿದೆಯೇ? ನಿಗದಿತ ದಿನಕ್ಕೆ ಕೋರ್ಸ್ ಮುಗಿಯದಿದ್ದರೆ ಗಂಟೆಗೆ ಎಷ್ಟು ಹೆಚ್ಚುವರಿ? ಭಾಷೆಯ ಕಾರಣಕ್ಕೆ ಹಿಂದೆ ಬೀಳುವವರಿಗೆ ಈ ಮೂರನೆಯದೇ ದುಬಾರಿ ಬೀಳುವುದು. ಹಾಜರಾತಿಯೂ ಗಡಿಯಾರದ ಲೆಕ್ಕ: ಒಳಗೆ ಬರುವಾಗ, ಊಟಕ್ಕೆ ಹೋಗುವಾಗ, ಹೊರಗೆ ಹೋಗುವಾಗ ಪಂಚ್ ಮಾಡಲು ಮರೆತರೆ ಕಲಿತ ಗಂಟೆ ಲೆಕ್ಕಕ್ಕೆ ಸಿಗದೆ ಹೋಗಬಹುದು.

ಸೇರುವ ಮುನ್ನ ಒಂದು ದಿನ ಥಿಯರಿ ಕ್ಲಾಸಿನಲ್ಲಿ ಕೂರಲು ಬಿಡಿ ಎಂದು ಕೇಳಿ. ಪಾಠ ಅರ್ಧಕ್ಕರ್ಧ ಅರ್ಥವಾದರೆ ಧೈರ್ಯವಾಗಿ ಸೇರಬಹುದು. ಅದಕ್ಕಿಂತ ಕಡಿಮೆಯಾದರೆ ಮೊದಲು ಮೂರ್ನಾಲ್ಕು ತಿಂಗಳು ಕಮ್ಯುನಿಟಿ ಕಾಲೇಜಿನಲ್ಲೋ ಸಾರ್ವಜನಿಕ ಲೈಬ್ರರಿಯಲ್ಲೋ ನಡೆಯುವ ಇಂಗ್ಲಿಷ್ ತರಗತಿಗೆ ಹೋಗಿ. ಎಷ್ಟೋ ಕಡೆ ಅದು ಉಚಿತ.

ಪದಗಳ ನೋಟ್‌ಬುಕ್

ಉದ್ದದ ಪದಗಳನ್ನು ಬೇಗ ಮುಗಿಸೋಣ, ಅವು ಸುಲಭ. ಗ್ರೀಕ್, ಲ್ಯಾಟಿನ್ ಮೂಲದ ಪದಗಳಲ್ಲಿ ಕೆಲವು ನಮ್ಮ ಸಂಸ್ಕೃತ ಪದಗಳ ದೂರದ ನೆಂಟರು. ಪೆಡಿಕ್ಯೂರ್‌ನ ‘ಪೆಡ್’ ನಮ್ಮ ಪಾದ. ಮೂಳೆಯ ‘ಆಸ್ಟಿಯೋ’ ನಮ್ಮ ಅಸ್ಥಿ. ಉಗುರಿನ ‘ಒನಿಕೋ’ ನಮ್ಮ ನಖ. ಅಪ್ಪಟ ಇಂಗ್ಲಿಷ್ ಪದವಾದ ‘ಬ್ರೌ’ ಕೂಡ ನಮ್ಮ ಭ್ರೂ. ಉಳಿದವಕ್ಕೆ ಹತ್ತಿಪ್ಪತ್ತು ತುಂಡು ಕಲಿತರೆ ಸಾಕು: ‘ಡರ್ಮ’ ಚರ್ಮ, ‘ಟ್ರೈಕೋ’ ಕೂದಲು, ‘ಮೈಕೋ’ ಶಿಲೀಂಧ್ರ, ‘ಐಟಿಸ್’ ಉರಿಯೂತ. ಡರ್ಮಟೈಟಿಸ್, ಒನಿಕೋಮೈಕೋಸಿಸ್ ತಾವಾಗಿ ಬಿಡಿಸಿಕೊಳ್ಳುತ್ತವೆ. ಒಂದು ಮೋಸ ಮಾತ್ರ ನೆನಪಿರಲಿ: ‘ಪೆಡಿಕ್ಯುಲೋಸಿಸ್’ ಪಾದದ ಕಾಯಿಲೆಯಲ್ಲ, ತಲೆಯ ಹೇನು.

ನೋಟ್‌ಬುಕ್ಕಿನ ಒಂದೊಂದು ಸಾಲಿನಲ್ಲಿ ಇಂಗ್ಲಿಷ್ ಸ್ಪೆಲಿಂಗ್, ಉಚ್ಚಾರ ಕನ್ನಡ ಲಿಪಿಯಲ್ಲಿ, ಕನ್ನಡದ ಮಾತು, ಪಕ್ಕದಲ್ಲಿ ಚಿಕ್ಕ ಚಿತ್ರ. ದಿನಕ್ಕೆ ಹತ್ತು ಪದ. ಕನ್ನಡದ ಕಡೆ ನಿಘಂಟಿನ ಪದ ಬೇಡ, ಮನೆಯಲ್ಲಿ ಆಡುವ ಮಾತು ಇರಲಿ: ‘ನೇಪ್’ ಹೆಕ್ಕತ್ತು, ‘ಕ್ರೌನ್’ ನೆತ್ತಿ, ‘ಕೌಲಿಕ್’ ಸುಳಿ, ‘ನಿಟ್ಸ್’ ಸೀರು, ‘ಬ್ಯಾಂಗ್ಸ್’ ಹಣೆಯ ಮೇಲೆ ಬೀಳುವಂತೆ ಕತ್ತರಿಸಿದ ಮುಂಗೂದಲು, ‘ರಿಂಗ್‌ವರ್ಮ್’ ಹುಳುಕಡ್ಡಿ. ಹೆಸರಲ್ಲಿ ಹುಳು ಇದ್ದರೂ ಅದು ಶಿಲೀಂಧ್ರ, ಎರಡು ಭಾಷೆಗಳಲ್ಲೂ ಒಂದೇ ತಪ್ಪು. ಓದುವಾಗ ಬೊಂಬೆತಲೆಯ ಆ ಜಾಗವನ್ನು ಬೆರಳಿಂದ ಮುಟ್ಟಿ ಹೆಸರು ಹೇಳಿ.

ಫೋನಿನ ಅನುವಾದದ ಆಪ್ ಕರಾರುಪತ್ರ ಓದಲು ಆದೀತು, ಪಾಠಕ್ಕೆ ಆಗದು. ‘ಲಿಫ್ಟ್’ ಎಂದರೆ ಅದು ‘ಎತ್ತು’ ಅನ್ನುತ್ತದೆ. ಬಣ್ಣದ ಪಾಠದಲ್ಲಿ ಲಿಫ್ಟ್ ಅಂದರೆ ಕೂದಲಿನ ಸ್ವಂತ ಬಣ್ಣ ತೆಗೆದು ತಿಳಿಯಾಗಿಸುವುದು, ‘ಡಿಪಾಸಿಟ್’ ಅಂದರೆ ಹೊಸ ಬಣ್ಣ ಕೂರಿಸುವುದು. ‘ವಾರ್ಮ್’, ‘ಕೂಲ್’ ಬಿಸಿ ತಣ್ಣಗಲ್ಲ. ಕೆಂಪು, ಚಿನ್ನದ ಛಾಯೆ ವಾರ್ಮ್, ಬೂದಿ ಛಾಯೆ ಕೂಲ್. ‘ಲೆವೆಲ್’ 1 ಅಚ್ಚ ಕಪ್ಪು, 10 ತೀರ ತಿಳಿ. ‘ವಾಲ್ಯೂಮ್’ ಅಂದರೆ ಬಣ್ಣಕ್ಕೆ ಬೆರೆಸುವ ದ್ರಾವಣವಾದ ಡೆವಲಪರ್‌ನ ಶಕ್ತಿ: 10 ವಾಲ್ಯೂಮ್‌ನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ 3%, 20ರಲ್ಲಿ 6%, 30ರಲ್ಲಿ 9%, 40ರಲ್ಲಿ 12%.

ಇನ್ನು ‘ಪಾರ್ಟ್’. ಗಿರಾಕಿ ‘ಸೈಡ್ ಪಾರ್ಟ್’ ಎಂದರೆ ಓರೆ ಬೈತಲೆ. ಬಣ್ಣದ ಡಬ್ಬಿಯ ಮೇಲೆ ‘ಒನ್ ಪಾರ್ಟ್’ ಎಂದರೆ ಒಂದು ಪಾಲು. ‘ಒನ್ ಟು ಟೂ’ ಅನ್ನುವ ಅಳತೆಯನ್ನು ‘ಒಂದೋ ಎರಡೋ’ ಎಂದು ಕೇಳಿಸಿಕೊಂಡರೆ ಮಿಶ್ರಣ ಕೆಟ್ಟಿತು. ಅದು 1 ಪಾಲು ಬಣ್ಣಕ್ಕೆ 2 ಪಾಲು ಡೆವಲಪರ್, ಅಂದರೆ 2 ಔನ್ಸ್ ಬಣ್ಣಕ್ಕೆ 4 ಔನ್ಸ್. ದ್ರವದ ಒಂದು ಔನ್ಸ್ ಸುಮಾರು 30 ಮಿಲಿ. ಸ್ಟ್ರೇಟ್ನರ್ ಮೇಲಿನ 350 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 177 ಸೆಲ್ಸಿಯಸ್.

ಶುಚಿ ಎಂಬ ಒಂದೇ ಮಾತು ಸಾಲದು

ನಮಗೆ ಎಲ್ಲವೂ ‘ಕ್ಲೀನ್ ಮಾಡೋದು’. ಲೈಸೆನ್ಸ್ ಕೊಡುವ ರಾಜ್ಯದ ಬೋರ್ಡಿಗೆ ಅದು ಮೂರು ಬೇರೆ ಕೆಲಸ, ಮತ್ತು ಪರೀಕ್ಷೆಯಲ್ಲಿ ಬಹಳ ಪ್ರಶ್ನೆ ಬರುವುದು ಇಲ್ಲಿಂದಲೇ. ಕ್ಲೀನ್ ಎಂದರೆ ಕಣ್ಣಿಗೆ ಕಾಣುವ ಕೂದಲು, ಜಿಡ್ಡು, ಕೊಳೆಯನ್ನು ಸೋಪು ನೀರಿನಿಂದ ತೆಗೆಯುವುದು. ಡಿಸಿನ್‌ಫೆಕ್ಟ್ ಎಂದರೆ ನಂತರ ದ್ರಾವಣದಲ್ಲಿ ಪೂರ್ತಿ ಮುಳುಗಿಸಿ, ಲೇಬಲ್ ಹೇಳಿದಷ್ಟು ಹೊತ್ತು, ಅನೇಕ ದ್ರಾವಣಗಳಿಗೆ 10 ನಿಮಿಷ, ಇಟ್ಟು ರೋಗಾಣು ಕೊಲ್ಲುವುದು. ಸ್ಟೆರಿಲೈಜ್ ಎಂದರೆ ಬ್ಯಾಕ್ಟೀರಿಯಾದ ಬೀಜಕಗಳೂ ಉಳಿಯದಂತೆ ಆಟೋಕ್ಲೇವ್‌ನಂಥ ಯಂತ್ರದಲ್ಲಿ ಮಾಡುವುದು. ಕ್ಲೀನ್ ಮಾಡದೆ ದ್ರಾವಣಕ್ಕೆ ಹಾಕಿದರೆ ಜಿಡ್ಡಿನ ಕೆಳಗಿನ ರೋಗಾಣುವಿಗೆ ಔಷಧಿ ತಾಗುವುದೇ ಇಲ್ಲ. ಅದಕ್ಕೇ ‘ಫಸ್ಟ್ ಸ್ಟೆಪ್’ ಯಾವುದು ಎಂದು ಕೇಳಿದರೆ ಉತ್ತರ ಕ್ಲೀನ್, ಡಿಸಿನ್‌ಫೆಕ್ಟ್ ಅಲ್ಲ.

ಗಿರಾಕಿ ಮುಂದೆ ಬಾಯಿ ಬಿಡುವುದು

ವ್ಯಾಕರಣ ತಪ್ಪಿದರೆ ಗಿರಾಕಿ ಬೇಸರಪಡುವುದಿಲ್ಲ. ಕೂದಲು ಹೆಚ್ಚು ಕತ್ತರಿಸಿದರೆ ಪಡುತ್ತಾರೆ. ‘ಜಸ್ಟ್ ಎ ಟ್ರಿಮ್’ ಎಂಬ ಮಾತಿಗೆ ಅಳತೆಯಿಲ್ಲ. ‘ಟೂ ಇಂಚಸ್ ಆಫ್’ ಎಂದರೆ ಎರಡಿಂಚು ಕತ್ತರಿಸಿ ಎಂದು, ಎರಡಿಂಚು ಉಳಿಸಿ ಎಂದಲ್ಲ. ಬಾಚಣಿಗೆಯನ್ನು ಕೂದಲಿನ ಮೇಲೆ ಅಡ್ಡ ಹಿಡಿದು, ಕನ್ನಡಿಯಲ್ಲಿ ತೋರಿಸಿ ‘ಟು ಹಿಯರ್?’ ಎಂದು ಕೇಳಿ. ಅವರು ಬಾಯಿ ಬಿಟ್ಟು ಹೌದೆನ್ನುವವರೆಗೆ ಕತ್ತರಿ ಎತ್ತಬೇಡಿ. ಅರ್ಥವಾಗದೆ ‘ಓಕೆ ಓಕೆ’ ಅನ್ನುವ ಅಭ್ಯಾಸವೇ ಅತಿ ಹೆಚ್ಚು ಕೂದಲು ಹಾಳುಮಾಡುವುದು. ಗಿರಾಕಿ ಹೇಳಿದ್ದನ್ನು ನಿಮ್ಮ ಮಾತಲ್ಲಿ ತಿರುಗಿ ಹೇಳಿ, ‘ಈಸ್ ದಟ್ ರೈಟ್?’ ಸೇರಿಸಿ. ನಾವು ಹೌದೆನ್ನಲು ತಲೆಯನ್ನು ಆಚೀಚೆ ತೂಗುವುದು ಅಲ್ಲಿನವರಿಗೆ ಬೇಡ ಎಂದಂತೆ ಕಾಣುತ್ತದೆ. ತಲೆ ತೂಗುವ ಬದಲು ‘ಯೆಸ್’ ಎಂದೇ ಹೇಳಿ.

ಬಣ್ಣ ಹಚ್ಚುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಡಿ: ಕೊನೆಯ ಸಲ ಬಣ್ಣ ಹಚ್ಚಿದ್ದು ಯಾವಾಗ, ಸಲೂನಿನಲ್ಲೋ ಮನೆಯಲ್ಲಿ ಡಬ್ಬಿ ತಂದೋ, ಮೆಹಂದಿ ಹಚ್ಚಿದ್ದೀರಾ, ಅಲರ್ಜಿ ಇದೆಯಾ. ಪ್ಯಾಚ್ ಟೆಸ್ಟ್ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಭಾಗದಲ್ಲಿ, 24ರಿಂದ 48 ಗಂಟೆ ಮುಂಚೆ. ‘ಕಪ್ಪು ಮೆಹಂದಿ’ಯಿಂದ ಹಿಂದೆ ಕೈಯಲ್ಲಿ ಗುಳ್ಳೆ ಬಂದಿದ್ದರೆ ಎಚ್ಚರ. ಅದರಲ್ಲಿ ಬೆರೆಸುವ ಪಿಪಿಡಿ ಎಂಬ ರಾಸಾಯನಿಕವೇ ಎಷ್ಟೋ ಹೇರ್ ಡೈಗಳಲ್ಲೂ ಇರುತ್ತದೆ.

ಉಚ್ಚಾರದಲ್ಲಿ ಎಲ್ಲವನ್ನೂ ತಿದ್ದಲು ಹೋಗಬೇಡಿ, ಕೆಲಸ ಕೆಡಿಸುವ ಮೂರನ್ನು ತಿದ್ದಿ. ‘ಹ’ಕಾರ ನುಂಗುವ ಕಡೆಯವರಾದರೆ ‘ಹೇರ್’ ಹೋಗಿ ‘ಏರ್’ ಆಗುತ್ತದೆ. ‘ಎಲಿವೇಷನ್’ (ಕತ್ತರಿಸುವಾಗ ಕೂದಲನ್ನು ಎತ್ತಿ ಹಿಡಿಯುವ ಕೋನ) ‘ಯೆಲಿವೇಷನ್’ ಆಗದಿರಲಿ. ಎಲ್ಲಕ್ಕಿಂತ ಮುಖ್ಯ ಸಂಖ್ಯೆ: ‘ಫಿಫ್ಟೀನ್’, ‘ಫಿಫ್ಟಿ’ ಗದ್ದಲದ ಸಲೂನಿನಲ್ಲಿ ಒಂದೇ ಥರ ಕೇಳುತ್ತವೆ. ಬ್ಲೀಚ್ 15 ನಿಮಿಷವೋ 50 ನಿಮಿಷವೋ ಎಂಬುದು ಸಣ್ಣ ವ್ಯತ್ಯಾಸವಲ್ಲ. ಮೇಡಂ ಹೇಳಿದ ಕೂಡಲೆ ‘ಒನ್ ಫೈವ್?’ ಎಂದು ಅಂಕಿ ಬಿಡಿಸಿ ಕೇಳಿ, ಟೈಮರ್ ಒತ್ತಿ.

ಪರೀಕ್ಷೆ

ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಪ್ರಾಯೋಗಿಕ ಪರೀಕ್ಷೆ ಇಲ್ಲ, ಲಿಖಿತ ಮಾತ್ರ. ಅದನ್ನು ಸ್ಪ್ಯಾನಿಶ್, ವಿಯೆಟ್ನಾಮೀಸ್, ಕೊರಿಯನ್‌ನಲ್ಲೂ ಬರೆಯಬಹುದು. ಕನ್ನಡ ಆ ಪಟ್ಟಿಯಲ್ಲಿಲ್ಲ. ಹಲವು ರಾಜ್ಯಗಳು ಬಳಸುವ, ರಾಜ್ಯ ಬೋರ್ಡುಗಳ ರಾಷ್ಟ್ರೀಯ ಮಂಡಳಿಯಾದ ಎನ್‌ಐಸಿಯ ಕಾಸ್ಮೆಟಾಲಜಿ ಥಿಯರಿ ಪರೀಕ್ಷೆಯಲ್ಲಿ 110 ಪ್ರಶ್ನೆ, 90 ನಿಮಿಷ. ಅಂದರೆ ಪ್ರಶ್ನೆಗೆ 49 ಸೆಕೆಂಡು. ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸುತ್ತ ಕೂತರೆ ಸಮಯ ಸಾಲದು. ಕೋರ್ಸಿನ ಅರ್ಧದಿಂದಲೇ 16 ನಿಮಿಷಕ್ಕೆ 20 ಪ್ರಶ್ನೆಯಂತೆ ಗಡಿಯಾರ ಇಟ್ಟು ಅಭ್ಯಾಸ ಮಾಡಿ. ಅಂಗವೈಕಲ್ಯ ಇರುವವರಿಗೆ ಹೆಚ್ಚು ಸಮಯ ಕೊಡುತ್ತಾರೆ, ಆದರೆ ಇಂಗ್ಲಿಷ್ ಎರಡನೇ ಭಾಷೆ ಎಂಬುದು ಸಾಮಾನ್ಯವಾಗಿ ಅದರಲ್ಲಿ ಸೇರುವುದಿಲ್ಲ.

ತಪ್ಪು ಆಗುವ ಬಗೆ ನೋಡಿ. ಪ್ರಶ್ನೆ: ‘ಈ ಎಲ್ಲವನ್ನೂ ಡಿಸಿನ್‌ಫೆಕ್ಟ್ ಮಾಡಬಹುದು, ಎಕ್ಸೆಪ್ಟ್’ (ಇದೊಂದನ್ನು ಬಿಟ್ಟು). ಆಯ್ಕೆಗಳು: ಉಗುರಿನ ಬುಡದ ಚರ್ಮ ಹಿಂದೆ ತಳ್ಳುವ ಲೋಹದ ಪುಶರ್, ಪ್ಲಾಸ್ಟಿಕ್ ಬಾಚಣಿಗೆ, ಕತ್ತರಿ, ಉಗುರು ಉಜ್ಜುವ ಮರದ ಎಮೆರಿ ಬೋರ್ಡ್. ಪಾಠ ಚೆನ್ನಾಗಿ ಗೊತ್ತಿರುವವರೇ ಮೊದಲನೆಯದನ್ನು ಒತ್ತಿಬಿಡುತ್ತಾರೆ. ಇಡೀ ಪ್ರಶ್ನೆ ತಿರುಗುವುದು ಕೊನೆಯ ಒಂದು ಪದದಲ್ಲಿ, ಅಷ್ಟು ಹೊತ್ತಿಗೆ ಕಣ್ಣು ಆಯ್ಕೆಗೆ ಇಳಿದಾಗಿರುತ್ತದೆ. ಆಯ್ಕೆಗಳ ಮೇಲೆ ಅಂಗೈ ಇಡಿ. ಪ್ರಶ್ನೆಯನ್ನು ಕನ್ನಡದಲ್ಲಿ ನಾಲ್ಕೇ ಪದಕ್ಕೆ ಇಳಿಸಿ: ‘ಯಾವುದನ್ನು ಮತ್ತೆ ಬಳಸಲು ಆಗದು?’ ಉತ್ತರ ಊಹಿಸಿ, ಆಮೇಲೆ ಕೈ ತೆಗೆಯಿರಿ. ಮರ ದ್ರವ ಹೀರುತ್ತದೆ, ಆದ್ದರಿಂದ ಎಮೆರಿ ಬೋರ್ಡ್ ಒಬ್ಬರಿಗೆ ಬಳಸಿ ಎಸೆಯುವ ವಸ್ತು. ‘ನಾಟ್’, ‘ಲೀಸ್ಟ್’, ‘ಬೆಸ್ಟ್’, ‘ಫಸ್ಟ್’ ಕಂಡಾಗಲೂ ಇದೇ ಉಪಾಯ. ಪಾಸಾಗಲು ಬೇಕಾದ್ದು ಹೆಚ್ಚಿನ ಕಡೆ ನೂರಕ್ಕೆ 70 ಅಥವಾ 75, ಹಾಗಾಗಿ ಒಂದು ಪ್ರಶ್ನೆಗೆ ಅಂಟಿಕೊಂಡು ಎರಡು ನಿಮಿಷ ಕಳೆಯಬೇಡಿ.

ಹೆಸರಿನ ಗೊಂದಲವನ್ನು ಅರ್ಜಿ ಹಾಕುವಾಗಲೇ ಬಗೆಹರಿಸಿಕೊಳ್ಳಿ. ಶಾಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತಾರ, ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡನ ಹೆಸರು ಎಂದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ವಾಪಸ್ ಕಳಿಸಬಹುದು, ಕಟ್ಟಿದ ಶುಲ್ಕವೂ ಹೋಗಬಹುದು. ಪರೀಕ್ಷೆಯ ದಿನ ತೋರಿಸುವ ಗುರುತುಚೀಟಿ ಯಾವುದೆಂದು ಮೊದಲೇ ತೀರ್ಮಾನಿಸಿ, ಅದರಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಶಾಲೆಯ ದಾಖಲೆಗೂ ಬೋರ್ಡಿನ ಅರ್ಜಿಗೂ ಹಾಕಿಸಿ.